ಬೋರ್‌ವೆಲ್ ಸ್ಟಾರ್ಟರ್ ಡಬ್ಬಿ: ಪಂಪ್‌ಹೌಸಿನಿಂದ ಅಚ್ಚಿನವರೆಗೆ

5 ಎಚ್‌ಪಿ ಸಬ್‌ಮರ್ಸಿಬಲ್ ಪಂಪನ್ನು ಮೊಬೈಲ್‌ನಿಂದ ಚಾಲೂ, ಬಂದ್ ಮಾಡುವ ಸ್ಟಾರ್ಟರ್ ಇದು. ಮೋಟರಿಗೆ ಕರೆಂಟ್ ಕೊಟ್ಟು ಕಡಿಯುವ ಕಾಂಟ್ಯಾಕ್ಟರ್, ಅದನ್ನು ನಡೆಸುವ ಬೋರ್ಡು, ಸಿಮ್ ಹಾಕುವ ಮೋಡೆಮ್ ಎಲ್ಲ ಒಂದೇ ಡಬ್ಬಿಯೊಳಗೆ. ಸರ್ಕ್ಯೂಟಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ, ಅದನ್ನು ಬಲ್ಲವರು ಬೇಕಾದಷ್ಟು ಮಂದಿ ಇದ್ದಾರೆ. ನಮ್ಮ ಹಣ ಮತ್ತು ದಿನ ಹೆಚ್ಚು ಖರ್ಚಾದದ್ದು ಡಬ್ಬಿ, ಬಟನ್ ಮತ್ತು ತಂತಿ ಒಳಗೆ ಬರುವ ತೂತಿನ ಮೇಲೆ.

ಮೊದಲ ಕೆಲಸ ಪಂಪ್‌ಹೌಸಿಗೆ ಹೋಗಿ ಸುಮ್ಮನೆ ನಿಲ್ಲುವುದು. ಏನು ಬೇಕೆಂದು ಕೇಳಿದರೆ ಎಲ್ಲರೂ 'ಮೋಟರ್ ಸುಡಬಾರದು' ಎನ್ನುತ್ತಾರೆ, ಅಷ್ಟರಿಂದ ಡಿಸೈನ್ ಹುಟ್ಟುವುದಿಲ್ಲ. ನಿಂತು ನೋಡಿದರೆ ಬೇರೆ ಸಂಗತಿ ಕಾಣುತ್ತವೆ. ತ್ರೀ ಫೇಸ್ ಪಾಳಿ ರಾತ್ರಿ ಬರುತ್ತದೆ, ಒಂದು ಕೈಯಲ್ಲಿ ಮೊಬೈಲ್ ಟಾರ್ಚು, ಇನ್ನೊಂದು ಕೈ ಒದ್ದೆ. ಡಬ್ಬಿಯನ್ನು ಗೋಡೆಗೆ ಸ್ಕ್ರೂ ಹಾಕಿ ಕೂರಿಸಿರುವುದಿಲ್ಲ, ಬೈಂಡಿಂಗ್ ವೈರಿನಿಂದ ಕಲ್ಲಿನ ಕಂಬಕ್ಕೆ ಕಟ್ಟಿರುತ್ತಾರೆ. ಒಳಗೆ ಇರುವೆ ಗೂಡು, ಕಾಂಟ್ಯಾಕ್ಟರಿನಲ್ಲಿ ಸತ್ತ ಹಲ್ಲಿ.

ಇವನ್ನೆಲ್ಲ ಒಂದೇ ಹಾಳೆಯಲ್ಲಿ ಮೂರು ಕಂಬ ಎಳೆದು ಬರೆದೆವು: ಕಂಡದ್ದು, ಅಳತೆ, ಪರೀಕ್ಷೆ. 'ರಾತ್ರಿ ಒದ್ದೆ ಕೈ' ಎಂಬುದರ ಪಕ್ಕದಲ್ಲಿ '22 ಮಿಮೀ ಬಟನ್, ನಡುವೆ 40 ಮಿಮೀ ಅಂತರ, ಬಂದ್ ಬಟನ್ ಉಬ್ಬು, ಚಾಲೂ ಬಟನ್ ಸಮತಟ್ಟು'. ಅದರ ಪಕ್ಕದಲ್ಲಿ 'ಕಣ್ಣುಮುಚ್ಚಿ 10 ಸಲ ಒತ್ತಿಸಿ, ಒಮ್ಮೆಯೂ ತಪ್ಪಬಾರದು'. ಮೂರನೇ ಕಂಬ ಖಾಲಿ ಉಳಿದ ಸಾಲನ್ನು ಹಾಳೆಯಿಂದಲೇ ತೆಗೆದೆವು. 'ಸುಲಭವಾಗಿರಬೇಕು' ಎಂಬಂಥ ಸಾಲುಗಳು ಹೋದದ್ದು ಹೀಗೆ.

ಮನೆಯವರಷ್ಟೇ ಬಳಕೆದಾರರಲ್ಲ. ವೈಂಡಿಂಗ್ ಅಂಗಡಿಯ ಮೆಕ್ಯಾನಿಕ್ ಕೂಡ ಬಳಕೆದಾರ, ಡಬ್ಬಿ ಹೆಚ್ಚು ಸಲ ಬಿಚ್ಚುವವನು ಅವನೇ. ಸ್ಕ್ರೂ ಕೆಸರಿಗೆ ಬಿದ್ದರೆ ಮತ್ತೆ ಸಿಗುವುದಿಲ್ಲ, ಆದ್ದರಿಂದ ಮುಚ್ಚಳದ ನಾಲ್ಕೂ ಸ್ಕ್ರೂ ಬಿಚ್ಚಿದರೂ ಮುಚ್ಚಳದಲ್ಲೇ ಉಳಿಯುವ ಬಗೆಯವು. ಸಿಮ್‌ಗೆ ಬೇರೆ ಪುಟ್ಟ ಮುಚ್ಚಳ ಕೊಟ್ಟೆವು, ಯಾಕೆಂದರೆ ರೀಚಾರ್ಜ್ ತಪ್ಪಿದರೆ ಸಿಮ್ ಬದಲಾಗುತ್ತದೆ. ಅದಕ್ಕಾಗಿ ಯಾರೂ 415 ವೋಲ್ಟ್ ಇರುವ ಜಾಗಕ್ಕೆ ಕೈಹಾಕುವಂತಾಗಬಾರದು.

ಮೋಡೆಮ್ ಆರಿಸುವಾಗ ಒಂದು ಮಾತು. 2ಜಿ ಮೋಡೆಮ್ ಅಗ್ಗ, ಆದರೆ ಜಿಯೋದಲ್ಲಿ 2ಜಿ ಇಲ್ಲ. 4ಜಿಯ ಕಡಿಮೆ ವೇಗದ ಬಗೆಯಾದ ಕ್ಯಾಟ್-1 ಹಾಕಿದರೆ ಅದರಲ್ಲಿ ವೋಲ್ಟೆ (4ಜಿ ಮೇಲೆ ಕರೆ ಮಾಡುವ ಸೌಲಭ್ಯ) ಇದೆಯೇ ಎಂದು ನೋಡಲೇಬೇಕು, ಇಲ್ಲದಿದ್ದರೆ ಡೇಟಾ ಓಡುತ್ತದೆ, ಮಿಸ್ಡ್ ಕಾಲ್ ಮುಟ್ಟುವುದಿಲ್ಲ. ನಮ್ಮವರಿಗೆ ಆ್ಯಪ್‌ಗಿಂತ ಮಿಸ್ಡ್ ಕಾಲೇ ಹತ್ತಿರ. ರೇಡಿಯೊ ಇರುವ ವಸ್ತುವಾದ್ದರಿಂದ ಕೇಂದ್ರ ದೂರಸಂಪರ್ಕ ಇಲಾಖೆಯ ರೇಡಿಯೊ ವಿಭಾಗ ಡಬ್ಲ್ಯುಪಿಸಿಯ ಇಟಿಎ ಎಂಬ ಅನುಮತಿ ಬೇಕು. ಈಗಾಗಲೇ ಅದು ಇರುವ ಮಾಡ್ಯೂಲ್ ಆರಿಸಿದರೆ ಓಡಾಟ ಉಳಿಯುತ್ತದೆ.

ಧ್ವನಿ ಸಂದೇಶದಲ್ಲಿ 'ಡ್ರೈ ರನ್' ಎಂದರೆ ಮನೆಯ ಹಿರಿಯರಿಗೆ ಅರ್ಥವಾಗಲಿಲ್ಲ. 'ಬೋರಲ್ಲಿ ನೀರು ಕಮ್ಮಿ ಆಗಿದೆ, ಮೋಟರ್ ನಿಂತಿದೆ' ಎಂದು ಬದಲಿಸಿದೆವು. ಉತ್ತರದ ಜಿಲ್ಲೆಗಳಿಗೆ 'ಚಾಲೂ, ಬಂದ್', ದಕ್ಷಿಣಕ್ಕೆ 'ಆನ್, ಆಫ್'. ಎರಡು ಧ್ವನಿಫೈಲು, ಖರ್ಚು ಏನೂ ಇಲ್ಲ.

ಕರೆಂಟಿನ ಕಡೆಯಿಂದ ಡಿಸೈನ್‌ಗೆ ಬಂದ ಷರತ್ತು ಎರಡು. ಕಾಂಟ್ಯಾಕ್ಟರ್ ಕಾಯಿಲ್ ತನ್ನ ವೋಲ್ಟೇಜಿನ ಶೇ 85ರಿಂದ 110ರವರೆಗೆ ಮಾತ್ರ ಪಾಯಿಂಟನ್ನು ನೆಟ್ಟಗೆ ಎಳೆಯುತ್ತದೆ. 415ರ ಕಾಯಿಲ್‌ಗೆ ಕೆಳಗಿನ ಗಡಿ ಸುಮಾರು 353. ಅದಕ್ಕಿಂತ ಇಳಿದಾಗ ಕಟಕಟ ಬಡಿದುಕೊಂಡು ಪಾಯಿಂಟ್ ಬೆಸೆದುಹೋಗುತ್ತದೆ, ಆಮೇಲೆ ಬಂದ್ ಒತ್ತಿದರೂ ಮೋಟರ್ ನಿಲ್ಲುವುದಿಲ್ಲ. ಹಾಗಾಗಿ ಬೋರ್ಡು ಮೊದಲು ಮೂರೂ ಫೇಸ್ ಅಳೆದು, ಅವುಗಳ ಸರದಿ ಸರಿಯಿದೆಯೇ ನೋಡಿ, ಆಮೇಲೆ ಕಾಯಿಲ್‌ಗೆ ಕೊಡುತ್ತದೆ. ಇನ್ನೊಂದು, ಕರೆಂಟ್ ಬಂದ ಕೂಡಲೇ ಒಂದೇ ಟಿಸಿಯ (ಟ್ರಾನ್ಸ್‌ಫಾರ್ಮರಿನ) ಎಲ್ಲ ಮೋಟರೂ ಒಟ್ಟಿಗೆ ಎದ್ದರೆ ವೋಲ್ಟೇಜ್ ಕುಸಿಯುತ್ತದೆ. 30ರಿಂದ 120 ಸೆಕೆಂಡಿನ ನಡುವೆ ಪ್ರತಿ ಡಬ್ಬಿಯೂ ತನಗೆ ತೋಚಿದಷ್ಟು ಕಾಯುತ್ತದೆ. ಕಾಯುವಾಗ ಹಸಿರು ದೀಪ ಮಿನುಗಬೇಕು. ಮೊದಲ ಮಾದರಿಯಲ್ಲಿ ಅದು ಇರಲಿಲ್ಲ, 'ಕೆಟ್ಟಿದೆ' ಎಂದುಕೊಂಡು ಜನ ಬಟನ್ ಒತ್ತುತ್ತಲೇ ಇದ್ದರು.

ಇನ್ನು ತೂತಿನ ವಿಷಯ. ಸಬ್‌ಮರ್ಸಿಬಲ್ ಕೇಬಲ್ ಮೂರು ಕೋರಿನ ಚಪ್ಪಟೆ ಕೇಬಲ್. ತೂತಿನಲ್ಲಿ ಕೇಬಲನ್ನು ಬಿಗಿಹಿಡಿಯಲು ಪೇಟೆಯಲ್ಲಿ ಸಿಗುವ ಕೇಬಲ್ ಗ್ಲ್ಯಾಂಡ್ ದುಂಡಗಿನದು. ದುಂಡು ರಬ್ಬರಿನೊಳಗೆ ಚಪ್ಪಟೆ ಕೇಬಲ್ ಎಷ್ಟು ಬಿಗಿದರೂ ಎರಡು ಮಗ್ಗುಲಲ್ಲಿ ಸಂದಿ ಉಳಿಯುತ್ತದೆ. ಡಬ್ಬಿಗೆ ಐಪಿ65 (ದೂಳು, ನೀರು ಒಳಗೆ ಹೋಗದ ದರ್ಜೆ) ಎಂದು ಬರೆದುಕೊಂಡರೂ ಇರುವೆಗೆ ಅದೇ ಹೆಬ್ಬಾಗಿಲು. ಗ್ಲ್ಯಾಂಡಿನ ನಟ್ಟು ಹಾಗೇ ಇಟ್ಟು, ಒಳಗಿನ ರಬ್ಬರನ್ನು ಮಾತ್ರ ಚಪ್ಪಟೆ ಸೀಳು ಇರುವಂತೆ ಮಾಡಿಸಿದೆವು. 2.5 ಮತ್ತು 4 ಚದರ ಮಿಮೀ ಕೇಬಲಿಗೆ ಬೇರೆ ಬೇರೆ ಬಣ್ಣದ ಎರಡು ರಬ್ಬರ್ ಪೆಟ್ಟಿಗೆಯಲ್ಲೇ ಬರುತ್ತವೆ. ಗ್ಲ್ಯಾಂಡ್‌ಗಳೆಲ್ಲ ಕೆಳಮುಖ, ಮೇಲೆ ಒಂದೂ ತೂತಿಲ್ಲ. ಹಾಗೆಂದು ಪೂರ್ತಿ ಮುಚ್ಚಿದರೆ ಹಗಲು ಕಾದು ರಾತ್ರಿ ತಣಿಯುವಾಗ ಒಳಗೇ ನೀರು ಹನಿಯುತ್ತದೆ, ಆದ್ದರಿಂದ ಉಸಿರಾಡುವ ಪೊರೆಯ ಒಂದು ವೆಂಟ್, ಜೊತೆಗೆ ಬೋರ್ಡಿಗೆ ಕೋಟಿಂಗ್.

ಲೋಹದ ಡಬ್ಬಿ ಬೇಡವೆಂದದ್ದು ಸಿಗ್ನಲ್ ತಡೆಯುತ್ತದೆಂದು. ಹೊರಗೆ ಆಂಟೆನಾ ಕೊಡಬಹುದಿತ್ತು, ಆದರೆ ಅದನ್ನು ದನ ಮೂಸುತ್ತದೆ, ಮಕ್ಕಳು ತಿರುಗಿಸುತ್ತಾರೆ. ಬಿಸಿಲು ತಡೆಯುವ, ಬೆಂಕಿ ಹತ್ತಿದರೆ ತಾನೇ ಆರುವ ವಿ-0 ದರ್ಜೆಯ ಪಾಲಿಕಾರ್ಬೊನೇಟ್ ಆರಿಸಿದೆವು. ಅದಕ್ಕೊಂದು ಕಾಯಿಲೆ ಇದೆ: ಸ್ಕ್ರೂ ಸಡಿಲವಾಗದಿರಲೆಂದು ಹಾಕುವ ಥ್ರೆಡ್‌ಲಾಕರ್ ಅಂಟು ಅಥವಾ ಒರೆಸುವ ಪೆಟ್ರೋಲ್ ತಾಗಿದರೆ ಕೂದಲೆಳೆಯ ಬಿರುಕು ಬಿಡುತ್ತದೆ. ಅಂಟು ನಿಲ್ಲಿಸಿ, ಬಿಸಿ ಮಾಡಿ ಕೂರಿಸುವ ಹಿತ್ತಾಳೆಯ ಎಂ4 ಇನ್ಸರ್ಟ್ (ಒಳಗೆ ಥ್ರೆಡ್ ಇರುವ ಪುಟ್ಟ ಕೊಳವೆ) ಹಾಕಿದೆವು. ಪ್ಲಾಸ್ಟಿಕ್ಕಿಗೆ ನೇರ ಕೊರೆಯುವ ಸ್ಕ್ರೂ ಕೆಲವೇ ಸಲ ಬಿಚ್ಚುವಷ್ಟರಲ್ಲಿ ಹಿಡಿತ ಕಳೆದುಕೊಳ್ಳುತ್ತದೆ.

ಅಚ್ಚಿಗೆ ಕೊಡುವ ಮುಂಚೆ ಎರಡು ಹಂತ. 3ಡಿ ಪ್ರಿಂಟ್‌ನಲ್ಲಿ ಬೋರ್ಡು ಕೂರುತ್ತದೆಯೇ, ಸ್ಕ್ರೂಡ್ರೈವರ್ ಹೋಗುತ್ತದೆಯೇ ನೋಡಿದೆವು. ಆಮೇಲೆ ಸಿಲಿಕೋನ್ ಅಚ್ಚಿನಲ್ಲಿ ವ್ಯಾಕ್ಯೂಮ್ ಕಾಸ್ಟಿಂಗ್. ಒಂದು ಅಚ್ಚು ಸುಮಾರು 20 ತುಂಡು ಕೊಡುತ್ತದೆ, ಅಷ್ಟು ಸಾಕು. ಅವನ್ನು ಒಂದು ಬೇಸಿಗೆ, ಒಂದು ಮಳೆಗಾಲ ತೋಟಗಳಲ್ಲಿ ಬಿಟ್ಟೆವು. ಎಲ್ಲರಿಗೂ ಈ ಹಂತ ಬಿಟ್ಟುಬಿಡುವ ಆಸೆ. ಉಕ್ಕಿನ ಅಚ್ಚು ಕೊರೆದ ಮೇಲೆ ಪ್ಲಾಸ್ಟಿಕ್ ಸೇರಿಸುವುದು ಸುಲಭ, ಅಚ್ಚಿನ ಉಕ್ಕು ತೆಗೆದರಾಯಿತು. ಪ್ಲಾಸ್ಟಿಕ್ ಕಡಿಮೆ ಮಾಡಲು ಅಚ್ಚಿಗೆ ಉಕ್ಕು ವೆಲ್ಡ್ ಮಾಡಬೇಕು. ಆದ್ದರಿಂದ ಸಂಶಯವಿದ್ದ ಕಡೆ ಗೋಡೆಯನ್ನು ತೆಳ್ಳಗೇ ಬಿಟ್ಟು ಡ್ರಾಯಿಂಗ್ ಕೊಟ್ಟೆವು.

ಡ್ರಾಯಿಂಗಿನ ಅಳತೆ ಹೀಗೆ: ಗೋಡೆ 3 ಮಿಮೀ, ಒಳ ಏಣು (ಗೋಡೆಗೆ ಬಲ ಕೊಡುವ ಪಟ್ಟಿ) 1.5ರಿಂದ 1.8 ಮಿಮೀ, ತುಂಡು ಅಚ್ಚಿನಿಂದ ಸಲೀಸಾಗಿ ಬಿಡಲು ಗೋಡೆಯ ಇಳಿಜಾರು 1.5 ಡಿಗ್ರಿ, ಒರಟು ಮೈ ಇರುವಲ್ಲಿ ಇನ್ನೂ ಒಂದು ಡಿಗ್ರಿ. ಏಣು ಇದಕ್ಕಿಂತ ದಪ್ಪವಾದರೆ ಹೊರಮೈಯಲ್ಲಿ ಗುಳಿ ಬೀಳುತ್ತದೆ. ತಣಿಯುವಾಗ ಪ್ಲಾಸ್ಟಿಕ್ ಕುಗ್ಗುವುದನ್ನು ಶೇ 0.6 ಎಂದು ಹಿಡಿದೆವು. ಎಬಿಎಸ್ ಪ್ಲಾಸ್ಟಿಕ್ಕಿಗೂ ಸರಿಸುಮಾರು ಅಷ್ಟೇ, ಆದರೆ ಅಗ್ಗವೆಂದು ಆಮೇಲೆ ಪಿಪಿ (ಪಾಲಿಪ್ರೊಪಿಲೀನ್) ಹಾಕಹೋದರೆ ಅದು ಎರಡು ಮೂರು ಪಟ್ಟು ಕುಗ್ಗುತ್ತದೆ, ಗ್ಯಾಸ್ಕೆಟ್ ಕೂರುವುದಿಲ್ಲ.

ಮೊದಲ ಟ್ರಯಲ್‌ನಲ್ಲಿ ಮುಚ್ಚಳದ ನಡು 1 ಮಿಮೀಗಿಂತ ಹೆಚ್ಚು ಬಾಗಿತ್ತು, ಗ್ಯಾಸ್ಕೆಟ್ ಅಲ್ಲಿ ಒತ್ತಿಕೊಳ್ಳಲಿಲ್ಲ. ಸಮತಟ್ಟಾದ ಹಲಗೆಯ ಮೇಲೆ ಮಗುಚಿಟ್ಟು ಫೀಲರ್ ಗೇಜ್ ತೂರಿಸಿದರೆ ಗೊತ್ತಾಗುತ್ತದೆ. ಕಾರಣ, ಅಚ್ಚಿನ ಎರಡು ಬದಿ ಒಂದೇ ಸಮ ತಣಿಯುತ್ತಿರಲಿಲ್ಲ. ನೀರಿನ ದಾರಿ ಸರಿಪಡಿಸಿ, ತಣಿಯುವ ಸಮಯ 8 ಸೆಕೆಂಡ್ ಹೆಚ್ಚಿಸಿ, ಅಂಚಿಗೆ ಒಂದು ಏಣು ಸೇರಿಸಿದ ಮೇಲೆ 0.3ಕ್ಕೆ ಇಳಿಯಿತು. ಮೈಮೇಲೆ ಬೆಳ್ಳಿಗೆರೆ ಕಂಡರೆ ಅಚ್ಚನ್ನು ಬೈಯುವ ಮುನ್ನ ಪ್ಲಾಸ್ಟಿಕ್ ಕಾಳು ಒಣಗಿದೆಯೇ ನೋಡಿ. ಪಾಲಿಕಾರ್ಬೊನೇಟಿಗೆ 120 ಡಿಗ್ರಿಯಲ್ಲಿ 3ರಿಂದ 4 ಗಂಟೆ ಬೇಕು, ರಾತ್ರಿ ಪಾಳಿಯವರು ಅವಸರ ಮಾಡುವುದು ಇಲ್ಲೇ.

ಮೊದಲ 100 ಡಬ್ಬಿಯನ್ನು ನಿತ್ಯದ ಕೆಲಸಗಾರರಿಂದಲೇ ಜೋಡಿಸಿದೆವು, ಎಂಜಿನಿಯರ್ ಕೈಹಾಕಲಿಲ್ಲ. ಎಡಬಲ ಗೊತ್ತಾಗದ ಕನೆಕ್ಟರ್ ಎರಡು ಕಡೆ ಸಿಕ್ಕಿಬಿದ್ದವು, ಒಂದಕ್ಕೆ ನಾಲ್ಕು ಪಿನ್, ಇನ್ನೊಂದಕ್ಕೆ ಐದು ಮಾಡಿದೆವು. ಕೊನೆಯಲ್ಲಿ 2,000 ವೋಲ್ಟ್ ಹೈಪಾಟ್, ಅಂದರೆ ಹೆಚ್ಚು ವೋಲ್ಟೇಜ್ ಕೊಟ್ಟು ಇನ್ಸುಲೇಶನ್ ತಡೆಯುತ್ತದೆಯೇ ನೋಡುವ ಪರೀಕ್ಷೆ. ಅದನ್ನು ಫೇಸ್–ಅರ್ಥ್ ನಡುವಿನ ವೇರಿಸ್ಟರ್ (ವಿಪರೀತ ಏರಿದ ವೋಲ್ಟೇಜನ್ನು ಅರ್ಥ್‌ಗೆ ಹರಿಸುವ ಬಿಡಿಭಾಗ) ಬಿಚ್ಚಿಟ್ಟೇ ಮಾಡಬೇಕು, ಇಲ್ಲದಿದ್ದರೆ ಒಳ್ಳೆಯ ಡಬ್ಬಿಯೂ ಫೇಲ್ ತೋರಿಸುತ್ತದೆ. ಪರೀಕ್ಷೆಯ ನಂತರ ಅದನ್ನು ಮತ್ತೆ ಸಿಕ್ಕಿಸಲು ಮರೆಯದಿರಲೆಂದು ವೇರಿಸ್ಟರ್‌ಗೆ ಕೆಂಪು ಜಂಪರ್ ಕೊಟ್ಟು, ಆ ಜಂಪರ್ ಇಲ್ಲದೆ ಮುಚ್ಚಳ ಕೂರದಂತೆ ಒಳಗೊಂದು ಗೂಟ ಅಚ್ಚಿನಲ್ಲೇ ತಂದೆವು.