ಹಳೆ ಪಿಕಪ್ ನಿಂತರೆ ಬಿಚ್ಚುವ ಮುಂಚೆ ಏನು ನೋಡಬೇಕು?

ನಮ್ಮ ಮನೆಯಲ್ಲಿರುವುದು 2008ರ ಬೊಲೆರೊ ಪಿಕಪ್. ಕೊಪ್ಪ ತಾಲೂಕಿನ ಅಡಿಕೆ ತೋಟದ ಗಾಡಿ. 2523 ಸಿಸಿ ಡಿಐ ಎಂಜಿನ್, ಕಾಮನ್ ರೈಲ್ (ಕಂಪ್ಯೂಟರ್ ನಿಯಂತ್ರಿಸುವ ಹೊಸ ಡೀಸೆಲ್ ವ್ಯವಸ್ಥೆ) ಬರುವ ಮುಂಚಿನ ಮೆಕ್ಯಾನಿಕಲ್ ಡೀಸೆಲ್ ಪಂಪ್. ಹಸಿ ಅಡಿಕೆ, ಕುರಿಗೊಬ್ಬರ, ಔಷಧಿ ಹೊಡೆಯುವ ಡ್ರಮ್ಮು, ಸೌದೆ, ಎಲ್ಲವನ್ನೂ ಹೊತ್ತಿದೆ. ಇಂಥ ಗಾಡಿಗಳು ನಮ್ಮ ಕಡೆ ಊರಿಗೆ ನಾಲ್ಕಾರು ಇವೆ. ಗಾಡಿ ನಿಂತ ಕೂಡಲೇ "ಪಂಪ್ ಹೋಗಿದೆ", "ಎಂಜಿನ್ ಇಳಿಸಬೇಕು" ಎಂಬ ಮಾತು ಬರುತ್ತದೆ. ಜನ ಹೆದರಿ ಸಾವಿರಾರು ರೂಪಾಯಿ ಸುರಿಯುತ್ತಾರೆ. ಕೊನೆಗೆ ನೋಡಿದರೆ ತೊಂದರೆ ಇದ್ದದ್ದು ತುಕ್ಕು ಹಿಡಿದ ಒಂದು ಅರ್ಥ್ ವೈರಿನಲ್ಲಿ, ಅಂದರೆ ಕರೆಂಟನ್ನು ಬ್ಯಾಟರಿಗೆ ವಾಪಸ್ ಒಯ್ಯುವ ವೈರಿನಲ್ಲಿ. ಅದನ್ನು ನೋಡಿ ನೋಡಿ ಬೇಜಾರಾಗಿ ಇದನ್ನು ಬರೆಯುತ್ತಿದ್ದೇನೆ. ಪರೀಕ್ಷೆ ಮಾಡದೆ ಒಂದು ಪಾರ್ಟನ್ನೂ ಬದಲಿಸಬೇಡಿ.

ಬೇಕಾದ ಸಾಮಾನು ಜಾಸ್ತಿ ಇಲ್ಲ. ಸಾಧಾರಣ ಮಲ್ಟಿಮೀಟರ್, ರಿಂಗ್ ಸ್ಪ್ಯಾನರ್ ಸೆಟ್, ಟಾರ್ಚ್, ಜಂಪರ್ ಕೇಬಲ್, ಗ್ರೀಸ್ ಗನ್. ಗಾಡಿ ಕೆಳಗೆ ಹೋಗುವುದಾದರೆ ಜ್ಯಾಕನ್ನು ಮಾತ್ರ ನಂಬಬೇಡಿ. ಚಕ್ರಕ್ಕೆ ಕಲ್ಲು ಕೊಟ್ಟು, ಚಾಸಿ ಅಡಿಗೆ ಗಟ್ಟಿ ಸ್ಟ್ಯಾಂಡ್ ಇಟ್ಟ ಮೇಲೆಯೇ ತಲೆ ಹಾಕಿ.

ಸೆಲ್ಫ್ ಎಳೆಯದಿದ್ದರೆ

ಕೀ ತಿರುಗಿಸಿದರೆ "ಟಕ್" ಎಂದು ಸುಮ್ನಾಗುತ್ತದೆ, ಅಥವಾ ಸೆಲ್ಫ್ ನಿಧಾನವಾಗಿ ನರಳುತ್ತದೆ. ಮೊದಲು ಬ್ಯಾಟರಿ ನೋಡಿ. ರಾತ್ರಿಯೆಲ್ಲ ನಿಂತ ಗಾಡಿಯಲ್ಲಿ ಮೀಟರ್ 12.6 ವೋಲ್ಟ್ ತೋರಿಸಿದರೆ ಬ್ಯಾಟರಿ ತುಂಬಿದೆ. 12.2 ಇದ್ದರೆ ಅರ್ಧ. 12ಕ್ಕಿಂತ ಕೆಳಗಿದ್ದರೆ ಚಾರ್ಜ್ ಮಾಡದೆ ಮುಂದಿನ ಪರೀಕ್ಷೆಗೆ ಹೋಗಬೇಡಿ. ಚಾರ್ಜ್ ತುಂಬಿದ ಬ್ಯಾಟರಿ ಸೆಲ್ಫ್ ಹೊಡೆಯುವಾಗ 9.6ಕ್ಕಿಂತ ಕೆಳಗೆ ಕುಸಿದರೆ ಅದರ ಆಯುಷ್ಯ ಮುಗಿಯುತ್ತಾ ಬಂದಿದೆ.

ಬ್ಯಾಟರಿ ಚೆನ್ನಾಗಿದ್ದೂ ಸೆಲ್ಫ್ ನಿಧಾನ ಅಂದರೆ ಹೆಚ್ಚಿನವರು ಸೆಲ್ಫ್ ಮೋಟರ್ ಬಿಚ್ಚಿಸುತ್ತಾರೆ. ಅದಕ್ಕೂ ಮುಂಚೆ ಮೀಟರಿನ ಒಂದು ಕಡ್ಡಿಯನ್ನು ಬ್ಯಾಟರಿಯ ನೆಗೆಟಿವ್ ಕಂಬದ ಸೀಸದ ಮೇಲೆ ಇಡಿ. ಕ್ಲ್ಯಾಂಪಿನ ಮೇಲಲ್ಲ, ಕಂಬದ ಮೇಲೆಯೇ. ಇನ್ನೊಂದನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ. ಈಗ ಯಾರಾದರೂ ಸೆಲ್ಫ್ ಹೊಡೆಯಲಿ. ಅರ್ಧ ವೋಲ್ಟಿಗಿಂತ ಜಾಸ್ತಿ ತೋರಿಸಿದರೆ ಕರೆಂಟು ಅರ್ಥ್ ದಾರಿಯಲ್ಲೇ ಪೋಲಾಗುತ್ತಿದೆ. ಪಾಸಿಟಿವ್ ಕಂಬದಿಂದ ಸೆಲ್ಫಿನ ದಪ್ಪ ಬೋಲ್ಟಿಗೂ ಹೀಗೇ ನೋಡಿ. ಮೀಟರ್ ಇಲ್ಲದಿದ್ದರೆ ಜಂಪರ್ ಕೇಬಲ್ಲಿನ ಒಂದು ತುದಿಯನ್ನು ಬ್ಯಾಟರಿ ನೆಗೆಟಿವ್‌ಗೆ, ಇನ್ನೊಂದನ್ನು ಎಂಜಿನ್ನಿಗೆ ಹಾಕಿ ಸೆಲ್ಫ್ ಹೊಡೆಯಿರಿ. ಸರಾಗವಾಗಿ ತಿರುಗಿತೇ? ಹಾಗಾದರೆ ಎಂಜಿನ್ನಿನಿಂದ ಚಾಸಿಗೆ ಹೋಗುವ ಅರ್ಥ್ ಪಟ್ಟಿಯನ್ನು ಬಿಚ್ಚಿ, ಎರಡೂ ಕಡೆ ಉಜ್ಜಿ ಹೊಳೆಯಿಸಿ, ಬಿಗಿದು, ಮೇಲೆ ಗ್ರೀಸ್ ಸವರಿ. ಆಗುಂಬೆ ಸುತ್ತಿನ ಮಳೆಯಲ್ಲಿ ಈ ಜಾಗ ಒಂದೇ ಮಳೆಗಾಲಕ್ಕೆ ಹಸಿರಾಗುತ್ತದೆ. ವರ್ಷಕ್ಕೊಮ್ಮೆ, ಮೇ ತಿಂಗಳಲ್ಲಿ, ಇದನ್ನು ಉಜ್ಜಲೇಬೇಕು.

ಸೆಲ್ಫ್ ತಿರುಗುತ್ತದೆ, ಎಂಜಿನ್ ಹಿಡಿಯುವುದಿಲ್ಲ

ಸೆಲ್ಫ್ ಜೋರಾಗಿ ತಿರುಗುವಾಗ ಸೈಲೆನ್ಸರ್ ನೋಡಿ. ಸ್ವಲ್ಪವೂ ಹೊಗೆ ಇಲ್ಲ ಅಂದರೆ ಡೀಸೆಲ್ ಒಳಗೆ ಹೋಗುತ್ತಿಲ್ಲ. ಬಿಳಿ ಹೊಗೆ ಬರುತ್ತಿದ್ದರೆ ಡೀಸೆಲ್ ಹೋಗುತ್ತಿದೆ, ಉರಿಯುತ್ತಿಲ್ಲ. ಈ ಒಂದು ನೋಟದಿಂದ ಅರ್ಧ ಕೆಲಸ ಉಳಿಯುತ್ತದೆ.

ಡೀಸೆಲ್ ಹೋಗುತ್ತಿಲ್ಲ ಎಂದಾದರೆ, ಕೀಯಿಂದಲೇ ಆಫ್ ಆಗುವ ರೋಟರಿ ಪಂಪ್ ಗಾಡಿಗಳಲ್ಲಿ ಮೊದಲು ಪಂಪಿನ ಮೇಲಿನ ಸೊಲೆನಾಯ್ಡ್ (ಕರೆಂಟು ಬಂದಾಗ ಡೀಸೆಲ್ ದಾರಿ ತೆರೆಯುವ ಭಾಗ) ನೋಡಿ. ಅದಕ್ಕೆ ಒಂದೇ ಒಂದು ವೈರ್ ಬರುತ್ತದೆ. ಕೀ ಆನ್ ಮಾಡಿದಾಗ ಅಲ್ಲಿ 12 ವೋಲ್ಟ್ ಇರಬೇಕು, "ಟಿಕ್" ಎಂಬ ಸಣ್ಣ ಸದ್ದು ಕೇಳಬೇಕು. ಆ ವೈರ್ ಕಳಚಿದ್ದರೆ ಅಥವಾ ಫ್ಯೂಸ್ ಹೋಗಿದ್ದರೆ ಎಷ್ಟು ಹೊತ್ತು ಸೆಲ್ಫ್ ಹೊಡೆದರೂ ಎಂಜಿನ್ ಹಿಡಿಯುವುದಿಲ್ಲ. ಒಳ್ಳೆಯ ಪಂಪನ್ನು ಬಿಚ್ಚಿ ಶಿವಮೊಗ್ಗಕ್ಕೆ ಕಳಿಸುವ ಮುಂಚೆ ಈ ಒಂದು ವೈರನ್ನು ನೋಡಿ, ದಯವಿಟ್ಟು.

ಆಮೇಲೆ ಏರ್ ಲಾಕ್. ಡೀಸೆಲ್ ಖಾಲಿಯಾದಾಗ, ಫಿಲ್ಟರ್ ಬದಲಿಸಿದಾಗ, ಪೈಪ್ ಬಿರುಕು ಬಿಟ್ಟಾಗ ಗಾಳಿ ಸೇರುತ್ತದೆ. ಫಿಲ್ಟರಿನ ತಲೆಯ ಮೇಲಿರುವ ಬ್ಲೀಡ್ ಸ್ಕ್ರೂವನ್ನು ಎರಡು ಸುತ್ತು ಸಡಿಲಿಸಿ. ಹ್ಯಾಂಡ್ ಪ್ರೈಮರ್, ಅಂದರೆ ಡೀಸೆಲ್ ತುಂಬುವ ಕೈಪಂಪು, ಒತ್ತುತ್ತಾ ಇರಿ. ಮೊದಲು ನೊರೆ ಬರುತ್ತದೆ. ನೊರೆ ನಿಂತು ಬರಿ ಡೀಸೆಲ್ ಬರುವವರೆಗೂ ಬಿಡಬೇಡಿ. ಒತ್ತುತ್ತಿರುವಾಗಲೇ ಸ್ಕ್ರೂ ಬಿಗಿಯಿರಿ. ಇನ್ನೂ ಹಿಡಿಯದಿದ್ದರೆ ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ನಾಝಲ್‌ಗಳಿಗೆ ಹೋಗುವ ಪೈಪಿನ ನಟ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ಸೆಲ್ಫ್ ಹೊಡೆಸಿ, ಡೀಸೆಲ್ ಜಿನುಗಿದ ಮೇಲೆ ಒಂದೊಂದಾಗಿ ಬಿಗಿಯಿರಿ. ಒಂದು ಸಲಕ್ಕೆ ಹತ್ತು ಹದಿನೈದು ಸೆಕೆಂಡಿಗಿಂತ ಜಾಸ್ತಿ ಸೆಲ್ಫ್ ಹೊಡೆಯಬೇಡಿ, ಮೋಟರ್ ಸುಡುತ್ತದೆ. ಈ ಪೈಪುಗಳಿಂದ ಚಿಮ್ಮುವ ಡೀಸೆಲ್ ಚರ್ಮವನ್ನೇ ತೂರಿ ಒಳಗೆ ಹೋಗುವಷ್ಟು ಒತ್ತಡದಲ್ಲಿರುತ್ತದೆ. ಬರಿ ಬೆರಳು ಅಡ್ಡ ಇಡಬೇಡಿ. ಕಾಮನ್ ರೈಲ್ ಗಾಡಿಯಲ್ಲಿ ಈ ನಟ್ಟುಗಳನ್ನು ಸಡಿಲಿಸಲೇಬಾರದು. ಅಲ್ಲಿನ ಒತ್ತಡ ಇದಕ್ಕಿಂತ ಎಷ್ಟೋ ಪಟ್ಟು.

ಗಾಳಿ ತೆಗೆದರೂ ಮಾರನೇ ಬೆಳಿಗ್ಗೆ ಮತ್ತೆ ಅದೇ ಕಥೆ ಅಂದರೆ ಎಲ್ಲೋ ಗಾಳಿ ಎಳೆಯುತ್ತಿದೆ. ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿ ಎಳೆತ ಇರುವುದರಿಂದ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಬರುತ್ತದೆ. ಹಾಗಾಗಿ ಒದ್ದೆ ಕಾಣುವುದಿಲ್ಲ. ಆ ದಾರಿಯಲ್ಲಿ ಒಂದು ಗೇಣು ಪಾರದರ್ಶಕ ಡೀಸೆಲ್ ಪೈಪ್ ತಾತ್ಕಾಲಿಕವಾಗಿ ಹಾಕಿ ಎಂಜಿನ್ ಓಡಿಸಿ. ಗುಳ್ಳೆ ಕಂಡರೆ ಪೈಪನ್ನು ಟ್ಯಾಂಕಿನ ಕಡೆಗೆ ಸರಿಸುತ್ತಾ ಹೋಗಿ. ಗುಳ್ಳೆ ಎಲ್ಲಿ ನಿಲ್ಲುತ್ತದೋ ಅಲ್ಲೇ ಹತ್ತಿರ ತೂತು. ನಮ್ಮ ಗಾಡಿಯಲ್ಲಿ ಸಿಕ್ಕಿದ್ದು ಚಾಸಿಗೆ ಉಜ್ಜಿ ಸವೆದ ರಬ್ಬರ್ ಪೈಪ್. ಪೈಪ್ ಮತ್ತು ಎರಡು ಕ್ಲಿಪ್ ಹಾಕಿದ್ದಷ್ಟೇ ರಿಪೇರಿ.

ಫಿಲ್ಟರ್ ಕೆಳಗಿನ ಡ್ರೇನ್ ಸ್ಕ್ರೂ ಬಿಚ್ಚಿ ಗಾಜಿನ ಲೋಟದಲ್ಲಿ ಹಿಡಿದು ನೋಡುವುದನ್ನು ಮಳೆಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ಮಾಡಿ. ನೀರಿದ್ದರೆ ತಳದಲ್ಲಿ ಬೇರೆಯಾಗಿ ಕೂರುತ್ತದೆ. ಅರ್ಧ ಖಾಲಿ ಟ್ಯಾಂಕಿನ ಗಾಳಿಯ ತೇವ ತಣ್ಣಗಾಗಿ ನೀರಾಗುತ್ತದೆ. ಅದಕ್ಕೇ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಟ್ಯಾಂಕ್ ತುಂಬಿಯೇ ನಿಲ್ಲಿಸಿ. ಕ್ಯಾನಿನಲ್ಲಿ ಡೀಸೆಲ್ ತಂದು ಹಾಕುವವರು ತಳದ ಒಂದು ಲೋಟದಷ್ಟನ್ನು ಕ್ಯಾನಿನಲ್ಲೇ ಬಿಡಿ.

ಹೊಗೆ ಮತ್ತು ಎಳೆತ

ಏರು ಹತ್ತುವಾಗ ಕಪ್ಪು ಹೊಗೆ, ಎಳೆತ ಕಡಿಮೆ ಅಂದರೆ ಮೊದಲು ಏರ್ ಫಿಲ್ಟರ್. ಬೇಸಿಗೆಯ ಮಣ್ಣು ರಸ್ತೆಯ ಧೂಳು ಅದನ್ನು ಬೇಗ ಕಟ್ಟುತ್ತದೆ. ಟರ್ಬೊ ಇದ್ದರೆ ಅದರಿಂದ ಇಂಟೇಕ್‌ಗೆ ಹೋಗುವ ರಬ್ಬರ್ ಪೈಪ್ ಸೀಳಿದೆಯೇ ನೋಡಿ. ಒಳಗೆ ಗಾಳಿ ಕಡಿಮೆಯಾದರೆ ಡೀಸೆಲ್ ಪೂರ್ತಿ ಉರಿಯದೆ ಕಪ್ಪಗೆ ಬರುತ್ತದೆ. ನೀಲಿ ಹೊಗೆ ಎಂಜಿನ್ ಆಯಿಲ್ ಸುಡುವ ಗುರುತು. ಎಂಜಿನ್ ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದೆ, ರೇಡಿಯೇಟರ್ ನೀರು ಕಡಿಮೆಯಾಗುತ್ತಿದ್ದರೆ, ಆಯಿಲ್ ಹಾಲು ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ ನೋಡಿಸಿ. ಆಗ ಓಡಿಸಬೇಡಿ, ಎಳೆಸಿಕೊಂಡು ಹೋಗಿ.

ಎಂಜಿನ್ ನಡುಗುತ್ತಾ ಒಂದು ಸಿಲಿಂಡರ್ ಕೆಲಸ ಮಾಡದಂತೆ ಕೇಳಿದರೆ, ನಮ್ಮಂಥ ಹಳೆ ಪಂಪಿನಲ್ಲಿ ಸುಲಭದ ದಾರಿ ಇದೆ. ಐಡಲ್‌ನಲ್ಲಿ ಓಡುವಾಗ ನಟ್ಟಿನ ಸುತ್ತ ದಪ್ಪ ಬಟ್ಟೆ ಹಿಡಿದು ಒಂದೊಂದೇ ನಾಝಲ್ ಪೈಪನ್ನು ಸಡಿಲಿಸಿ. ಚೆನ್ನಾಗಿ ಕೆಲಸ ಮಾಡುವ ಸಿಲಿಂಡರಿನ ಪೈಪ್ ಸಡಿಲಿಸಿದರೆ ನಡುಕ ಜಾಸ್ತಿಯಾಗುತ್ತದೆ. ಸಡಿಲಿಸಿದರೂ ಏನೂ ವ್ಯತ್ಯಾಸ ಆಗದಿದ್ದರೆ ತೊಂದರೆ ಅದರಲ್ಲೇ. ಆ ನಾಝಲ್ ಒಂದನ್ನೇ ಪಂಪ್ ಅಂಗಡಿಗೆ ಕೊಟ್ಟು ಪರೀಕ್ಷಿಸಿ.

ಬಿಸಿಯಾಗುತ್ತದೆ ಎಂದು ಥರ್ಮೋಸ್ಟಾಟ್ ಕಿತ್ತು ಬಿಸಾಡುವ ಅಭ್ಯಾಸ ನಮ್ಮಲ್ಲಿ ಬೇರೂರಿದೆ. ಇದು ನನಗೆ ಸ್ವಲ್ಪವೂ ಸರಿ ಕಾಣುವುದಿಲ್ಲ. ಎಂಜಿನ್ ಬೇಕಾದಷ್ಟು ಬಿಸಿಯಾಗದೆ ಸವೆತ ಹೆಚ್ಚುತ್ತದೆ, ಡೀಸೆಲ್ ಜಾಸ್ತಿ ಕುಡಿಯುತ್ತದೆ. ಅನುಮಾನ ಇದ್ದರೆ ಅದನ್ನು ಪಾತ್ರೆಯ ನೀರಿನಲ್ಲಿ ಕಾಯಿಸಿ. 80 ಡಿಗ್ರಿ ದಾಟಿ ನೀರು ಕುದಿಯುವ ಮುಂಚೆ ತೆರೆದುಕೊಂಡರೆ ಅದು ಸರಿ ಇದೆ. ಬಿಸಿಗೆ ನಿಜವಾದ ಕಾರಣ ರೇಡಿಯೇಟರ್ ಮುಂದೆ ಕಟ್ಟಿದ ಕೆಸರು, ಹುಲ್ಲಿನ ಬೀಜ, ಸಡಿಲವಾದ ಬೆಲ್ಟ್ ಅಥವಾ ಸೋತ ಕ್ಯಾಪ್ ಇರಬಹುದು. ಬಿಸಿ ಎಂಜಿನ್ನಿನ ಕ್ಯಾಪ್ ಬಿಚ್ಚಬೇಡಿ.

ಬ್ರೇಕ್ ಗಟ್ಟಿಯಾದರೆ ಡೈನಮೊ ಕಡೆ ನೋಡಿ

ಇದು ಬಹಳ ಜನಕ್ಕೆ ಗೊತ್ತಿಲ್ಲ. ಪೆಟ್ರೋಲ್ ಎಂಜಿನ್ನಿನಂತೆ ಡೀಸೆಲ್ ಎಂಜಿನ್ನಿನ ಇಂಟೇಕ್‌ನಲ್ಲಿ ಪೆಡಲಿಗೆ ಬಲ ಕೊಡುವ ಬ್ರೇಕ್ ಬೂಸ್ಟರಿಗೆ ಸಾಕಾಗುವಷ್ಟು ವ್ಯಾಕ್ಯೂಮ್ ಸಿಗುವುದಿಲ್ಲ. ಅದಕ್ಕೆ ಬೇರೆ ಪಂಪ್ ಬೇಕು. ನಮ್ಮ ಗಾಡಿಯಲ್ಲಿ ಅದು ಬ್ಯಾಟರಿ ಚಾರ್ಜ್ ಮಾಡುವ ಡೈನಮೊದ (ಆಲ್ಟರ್ನೇಟರ್) ಬೆನ್ನಿಗೇ ಕೂತಿದೆ. ಬೆಲ್ಟ್ ತುಂಡಾದರೆ ಚಾರ್ಜೂ ಹೋಯಿತು, ಬ್ರೇಕಿನ ಬಲವೂ ಹೋಯಿತು. ಘಾಟಿಯಲ್ಲಿ ಇದು ಪ್ರಾಣದ ಪ್ರಶ್ನೆ.

ಪರೀಕ್ಷೆ ಹೀಗೆ. ಎಂಜಿನ್ ಆಫ್ ಮಾಡಿ ಬ್ರೇಕನ್ನು ನಾಲ್ಕೈದು ಸಲ ಒತ್ತಿ. ಪೆಡಲ್ ಗಟ್ಟಿಯಾಗುತ್ತದೆ. ಕಾಲು ಒತ್ತಿಯೇ ಇಟ್ಟು ಸ್ಟಾರ್ಟ್ ಮಾಡಿ. ಪೆಡಲ್ ಸ್ವಲ್ಪ ಕೆಳಗೆ ಇಳಿಯಬೇಕು. ಇಳಿಯದಿದ್ದರೆ ವ್ಯಾಕ್ಯೂಮ್ ಪೈಪ್, ಒನ್ ವೇ ವಾಲ್ವ್, ಪಂಪ್, ಕೊನೆಗೆ ಬೂಸ್ಟರ್, ಇದೇ ಕ್ರಮದಲ್ಲಿ ನೋಡಿ. ಪಂಪಿಗೆ ಎಂಜಿನ್ ಆಯಿಲ್ ಬರುತ್ತದೆ. ಅದರ ಸೀಲ್ ಹೋದರೆ ಆಯಿಲ್ ಡೈನಮೊ ಒಳಗೆ ಸೇರಿ ಚಾರ್ಜಿಂಗ್ ಕೆಡುತ್ತದೆ. ಹಾಗಾಗಿ ಡೈನಮೊ ಪದೇ ಪದೇ ಸುಡುತ್ತಿದ್ದರೆ ಹಿಂದೆ ಆಯಿಲ್ ಜಿಡ್ಡು ಇದೆಯೇ ನೋಡಿ. ಎಂಜಿನ್ ಓಡುವಾಗ ಬ್ಯಾಟರಿಯಲ್ಲಿ 13.8ರಿಂದ 14.4 ವೋಲ್ಟ್ ಬರಬೇಕು.

ಡೀಸೆಲ್ ಉಳಿಸಲು ಆಗುಂಬೆ ಘಾಟಿಯನ್ನು ನ್ಯೂಟ್ರಲ್‌ನಲ್ಲಿ ಇಳಿಸುವವರನ್ನು ಈಗಲೂ ನೋಡುತ್ತೇನೆ. ಮೆಕ್ಯಾನಿಕಲ್ ಪಂಪಿನಲ್ಲೂ ಗೇರಿನಲ್ಲಿ ಆಕ್ಸಿಲರೇಟರ್ ಬಿಟ್ಟು ಇಳಿಯುವಾಗ ಪಂಪಿನ ಒಳಗೆ ಡೀಸೆಲ್ ಅಳತೆ ನೋಡುವ ಗವರ್ನರ್ ಡೀಸೆಲ್ ಕತ್ತರಿಸುತ್ತದೆ. ಉಳಿಯುವುದು ಏನೂ ಇಲ್ಲ. ಹತ್ತಲು ಯಾವ ಗೇರ್ ಬೇಕೋ ಇಳಿಯಲೂ ಅದೇ ಗೇರ್ ಹಾಕಿ.

ಹಿಂದಿನ ಟೈರಿನ ಒಳಗೋಡೆ ಒದ್ದೆ ಇದ್ದರೆ ಅದು ಬ್ರೇಕ್ ಆಯಿಲ್ ಇರಬಹುದು, ಹೌಸಿಂಗ್ ಆಯಿಲ್ (ಹಿಂದಿನ ಆಕ್ಸೆಲ್ ಒಳಗಿನ ಗೇರ್ ಆಯಿಲ್) ಕೂಡ ಇರಬಹುದು. ಮೂಸಿ ನೋಡಿ, ಗೇರ್ ಆಯಿಲ್ಲಿನ ಗಂಧಕದ ವಾಸನೆ ಮರೆಯುವಂಥದ್ದಲ್ಲ. ಹೌಸಿಂಗ್ ಆಯಿಲ್ ಆದರೆ ಸೀಲ್ ಹಾಕುವ ಮುಂಚೆ ಆಕ್ಸೆಲ್ ಮೇಲಿನ ಗಾಳಿ ಬಿಡುವ ಸಣ್ಣ ಬ್ರೀದರ್ ಕೆಸರಿನಿಂದ ಕಟ್ಟಿದೆಯೇ ನೋಡಿ. ಕಟ್ಟಿದರೆ ಒಳಗಿನ ಬಿಸಿ ಗಾಳಿಗೆ ದಾರಿಯಿಲ್ಲದೆ ಆಯಿಲ್ಲನ್ನು ಸೀಲ್ ಮೂಲಕ ಡ್ರಮ್ಮಿಗೆ ತಳ್ಳುತ್ತದೆ. ಹೊಸ ಸೀಲೂ ಸೋರುತ್ತದೆ.

ಹಿಂದಿನ ಪಟ್ಟಾ (ಲೀಫ್ ಸ್ಪ್ರಿಂಗ್) ಸೋತಿದೆ ಎಂದು ಎಕ್ಸ್ಟ್ರಾ ಪಟ್ಟಾ ಹಾಕಿಸುವವರೂ ಗಮನಿಸಿ. ನಿಮ್ಮ ಗಾಡಿಯಲ್ಲಿ ಹಿಂದಿನ ಆಕ್ಸೆಲ್‌ನಿಂದ ಚಾಸಿಯ ವಾಲ್ವಿಗೆ ಒಂದು ಕಡ್ಡಿ ಹೋಗಿದ್ದರೆ, ಅದು ಲೋಡ್ ನೋಡಿ ಹಿಂದಿನ ಬ್ರೇಕ್ ಹೊಂದಿಸುತ್ತದೆ. ಗಾಡಿ ಎತ್ತರವಾದರೆ ವಾಲ್ವ್ "ಲೋಡ್ ಇಲ್ಲ" ಎಂದುಕೊಂಡು ಹಿಂದಿನ ಬ್ರೇಕನ್ನು ಕಡಿಮೆ ಮಾಡುತ್ತದೆ. ಪಟ್ಟಾ ಹಾಕಿದರೆ ಕಡ್ಡಿಯನ್ನೂ ಹೊಂದಿಸಲೇಬೇಕು. ಯು ಬೋಲ್ಟನ್ನು ಮೊದಲ ಲೋಡ್ ಆದ ಮೇಲೆ ಮತ್ತೊಮ್ಮೆ ಬಿಗಿಸಿ.

ಮೈಲುತುತ್ತ ಮತ್ತು ಮೀನಿನ ನೀರು

ಅಡಿಕೆಯ ಕೊಳೆರೋಗಕ್ಕೆ ಬೋರ್ಡೊ (ಮೈಲುತುತ್ತ ಮತ್ತು ಸುಣ್ಣದ ಔಷಧಿ) ಕಲಸುವಾಗ ಸುಣ್ಣ ಸಾಕಾಗಿದೆಯೇ ಎಂದು ಕತ್ತಿಯ ಅಲಗು ಅದ್ದಿ ನೋಡುತ್ತೇವೆ, ಅಲ್ವಾ? ಸುಣ್ಣ ಕಡಿಮೆ ಇದ್ದರೆ ಅಲಗಿನ ಮೇಲೆ ಕೆಂಪು ತಾಮ್ರ ಕೂರುತ್ತದೆ. ತಾಮ್ರ ಕೂತಷ್ಟೂ ಕಬ್ಬಿಣ ಕರಗಿದೆ. ಅದೇ ಮೈಲುತುತ್ತದ ನೀರು ಪಿಕಪ್ಪಿನ ಹಿಂದಿನ ತಗಡಿನ ಮೇಲೆ ಚೆಲ್ಲಿ, ಬೋಲ್ಟಿನ ತೂತಿನಿಂದ ಚಾಸಿಗೆ, ಬ್ರೇಕ್ ಪೈಪಿಗೆ ಇಳಿಯುತ್ತದೆ. ಔಷಧಿ ಹೊಡೆದ ದಿನವೇ ತಗಡನ್ನೂ ಅದರ ಅಡಿಯನ್ನೂ ಬೇಕಾದಷ್ಟು ನೀರು ಹಾಕಿ ತೊಳೆಯಿರಿ. ಯೂರಿಯ, ಪೊಟ್ಯಾಷ್ ಹೊತ್ತ ದಿನವೂ ಹಾಗೇ. ಮೈಲುತುತ್ತವನ್ನು ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಸಾಗಿಸಿ, ಅಡಿಗೆ ಟಾರ್ಪಾಲ್ ಹಾಕಿ.

ಚಾಸಿಗೆ ಹಳೆ ಎಂಜಿನ್ ಆಯಿಲ್ ಬಳಿಯಬೇಡಿ. ರಬ್ಬರ್ ಬುಷ್ ಮತ್ತು ಬ್ರೇಕ್ ಹೋಸ್ ಉಬ್ಬಿ ಹಾಳಾಗುತ್ತವೆ, ಉಳಿದದ್ದು ತೊಟ್ಟಿಕ್ಕಿ ತೋಟದ ನೀರಿಗೆ ಸೇರುತ್ತದೆ. ಏಪ್ರಿಲ್‌ನಲ್ಲಿ ವೈರ್ ಬ್ರಷ್ಷಿನಿಂದ ಉಜ್ಜಿ, ರೆಡ್ ಆಕ್ಸೈಡ್, ಅದರ ಮೇಲೆ ಕಪ್ಪು ಪೇಂಟ್. ಚಾಸಿಯ ಕೆಳಗಿನ ನೀರಿಳಿಯುವ ತೂತುಗಳನ್ನು ಕಡ್ಡಿ ಹಾಕಿ ಬಿಡಿಸಿ.

ಸೆಕೆಂಡ್ ಹ್ಯಾಂಡ್ ಪಿಕಪ್ ಹುಡುಕುವವರು ಕರಾವಳಿಯಲ್ಲಿ ಮೀನು ಸಾಗಿಸಿದ ಗಾಡಿಯ ಬಗ್ಗೆ ಎಚ್ಚರ ಇಟ್ಟುಕೊಳ್ಳಿ. ಐಸ್ ಕರಗಿ ಉಪ್ಪುನೀರು ವರ್ಷಗಟ್ಟಲೆ ಚಾಸಿಗೆ ಇಳಿದಿರುತ್ತದೆ. ಮೇಲೆ ಹೊಸ ಬಣ್ಣ ಹೊಳೆಯುತ್ತಿದ್ದರೂ ಅಡಿಗೆ ಮಲಗಿ, ಹಿಂದಿನ ಪಟ್ಟಾ ಕೂರುವ ಬ್ರ್ಯಾಕೆಟ್ ಸುತ್ತ ಸಣ್ಣ ಸುತ್ತಿಗೆಯಿಂದ ಬಡಿಯಿರಿ. ಗಟ್ಟಿ ಕಬ್ಬಿಣ "ಠಣ್" ಎನ್ನುತ್ತದೆ. ಮಂದ ಸದ್ದು ಬಂದು ಪದರ ಉದುರಿದರೆ ಎಂಜಿನ್ ಎಷ್ಟೇ ಚೆನ್ನಾಗಿರಲಿ, ಆ ಗಾಡಿ ಬೇಡ. ನಾಝಲ್, ಡೈನಮೊ, ಪಟ್ಟಾ ಎಲ್ಲ ಅಂಗಡಿಯಲ್ಲಿ ಸಿಗುತ್ತವೆ. ಕೊಳೆತ ಚಾಸಿಗೆ ವೆಲ್ಡಿಂಗ್ ಮಾಡಿಸಿಕೊಂಡು ಒಂದೂವರೆ ಟನ್ ಹೊತ್ತು ಘಾಟಿ ಇಳಿಯಲು ಆಗುವುದಿಲ್ಲ. ಎಂಟು ವರ್ಷ ದಾಟಿದ ಸರಕು ಗಾಡಿಗೆ ಪ್ರತಿ ವರ್ಷ ಓಡಲು ಯೋಗ್ಯ ಎಂಬ ಸರ್ಟಿಫಿಕೇಟ್, ಅಂದರೆ ಎಫ್‌ಸಿ ಮಾಡಿಸಬೇಕು. ಅದಕ್ಕೆ ಹದಿನೈದು ದಿನ ಮುಂಚೆ ನಿಮ್ಮ ಗಾಡಿಗೂ ಇದೇ ಸುತ್ತಿಗೆ ಪರೀಕ್ಷೆ ಮಾಡಿ. ಬ್ರೇಕ್ ಪೈಪಿನ ಮೇಲೆ ತುಕ್ಕಿನ ಗುಳಿ ಕಂಡರೆ ಉಜ್ಜಿ ಬಣ್ಣ ಹೊಡೆಯದೆ ಪೈಪನ್ನೇ ಬದಲಿಸಿ.