ಸರಾಸರಿ ಸರಿಯಿದ್ದರೂ ಏರಿಳಿಯುವ ರಕ್ತದೊತ್ತಡ

ಬದಿಯಡ್ಕದ ಸುತ್ತಮುತ್ತಲಿನವರಿಗೆ ಔಷಧ ಕೊಡುವ ಸಾಮಾನ್ಯ ವೈದ್ಯನಾದ ನಾನು, ಬಿ.ಪಿ. ಇರುವವರು ಬಂದಾಗ ಆ ದಿನದ ಅಂಕೆಯನ್ನಷ್ಟೇ ನೋಡಿ ಮಾತ್ರೆ ಬದಲಿಸುವುದಿಲ್ಲ. ಹಿಂದಿನ ಭೇಟಿಗಳ ಅಂಕೆಗಳನ್ನೂ ಒಂದೇ ಸಾಲಿನಲ್ಲಿ ಬರೆದು ನೋಡುತ್ತೇನೆ. ಅಡಿಕೆ ಕೃಷಿಕರೊಬ್ಬರ ಸಾಲಿನಲ್ಲಿ ಮೇಲಿನ ಒತ್ತಡ, ಅಂದರೆ ಬಿ.ಪಿ.ಯ ಎರಡು ಅಂಕೆಗಳಲ್ಲಿ ದೊಡ್ಡದು, 152, 118, 160, 124 ಎಂದಿತ್ತು. ಸರಾಸರಿ 140ಕ್ಕಿಂತ ಕಡಿಮೆಯೇ ಆದರೂ ಆ ಸಾಲು ನೆಮ್ಮದಿ ಕೊಡುವಂಥದಲ್ಲ.

ಭೇಟಿಯಿಂದ ಭೇಟಿಗೆ ಮೇಲಿನ ಒತ್ತಡ ಹೆಚ್ಚು ಏರಿಳಿಯುವವರಲ್ಲಿ, ಸರಾಸರಿ ಎಷ್ಟೇ ಇರಲಿ, ಪಕ್ಷವಾತದ ಅಪಾಯ ಹೆಚ್ಚೆಂಬುದನ್ನು ಆಕ್ಸ್‌ಫರ್ಡ್‌ನ ನರರೋಗತಜ್ಞ ಪೀಟರ್ ರಾಥ್‌ವೆಲ್ ಮತ್ತು ಸಂಗಡಿಗರು 2010ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ತೋರಿಸಿದರು. ಏರಿಳಿತವೇ ರಕ್ತನಾಳವನ್ನು ಕೆಡಿಸುತ್ತದೆಯೋ, ಗಡಸಾದ ರಕ್ತನಾಳದ ಗುರುತಷ್ಟೇ ಅದೋ ಎಂಬ ಚರ್ಚೆ ಇನ್ನೂ ಇದೆ. ಎರಡರಲ್ಲಿ ಯಾವುದಾದರೂ ಅಂಥವರನ್ನು ಹೆಚ್ಚು ಗಮನಿಸಬೇಕಾದದ್ದಂತೂ ಹೌದು.

ಮೊದಲು ಅಳತೆಯನ್ನೇ ಸಂಶಯಿಸುತ್ತೇನೆ. ಬಸ್ಸಿಳಿದು ದರೆ ಹತ್ತಿ ಬಂದವರನ್ನು ಐದು ನಿಮಿಷ ಬೆನ್ನಿಗೆ ಆಸರೆ ಕೊಟ್ಟು ಕೂರಿಸಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿರಿಸಿದ ಮೇಲೆಯೇ ಪಟ್ಟಿ ಕಟ್ಟುವುದು. ದಪ್ಪ ತೋಳಿಗೆ ಚಿಕ್ಕ ಪಟ್ಟಿ ಕಟ್ಟಿದರೆ ಅಂಕೆ ಸುಮ್ಮನೆ ಮೇಲೇರುತ್ತದೆ. ಆಮೇಲೆ ಒಂದು ವಾರ ಮನೆಯಲ್ಲಿ ಬೆಳಿಗ್ಗೆ ಮಾತ್ರೆಗೆ ಮೊದಲು ಎರಡು ಸಲ, ಸಂಜೆ ಎರಡು ಸಲ, ನಿಮಿಷದ ಅಂತರದಲ್ಲಿ ಅಳೆದು ಬರೆಯಲು ಹೇಳಿ, ಮೊದಲ ದಿನದ್ದನ್ನು ಬಿಟ್ಟು ಉಳಿದವನ್ನು ಲೆಕ್ಕಕ್ಕೆ ಹಿಡಿಯುತ್ತೇನೆ. ಅಳೆಯುವುದಕ್ಕೆ ಅರ್ಧ ಗಂಟೆ ಮೊದಲು ಕಾಫಿಯಾಗಲಿ, ಹೊಗೆಸೊಪ್ಪು ಹಾಕಿದ ಎಲೆಯಡಿಕೆಯಾಗಲಿ ಕೂಡದು. ಈ ಎರಡನೆಯದಕ್ಕೆ ನಮ್ಮೂರಿನಲ್ಲಿ ಸುಲಭವಾಗಿ ಯಾರೂ ಒಪ್ಪುವುದಿಲ್ಲ.

ಆ ಕೃಷಿಕರ ಮನೆಯ ಅಂಕೆಗಳೂ ಹಾಗೆಯೇ ಜಿಗಿಯುತ್ತಿದ್ದವು. ಕೇಳಿದಾಗ, “ತಲೆ ಭಾರವಾದ ದಿವಸ ಮಾತ್ರೆ ತಪ್ಪಿಸುವುದಿಲ್ಲ ಡಾಕ್ಟ್ರೇ” ಎಂದರು. ಉಳಿದ ದಿನಗಳ ಕಥೆ ಅದರಲ್ಲೇ ತಿಳಿಯಿತು. ಗಂಟುನೋವಿಗೆ ಅಂಗಡಿಯಿಂದ ತಂದ ಡೈಕ್ಲೋಫೆನಾಕ್ ಬೇರೆ ಇತ್ತು. ಅದು ಉಪ್ಪು, ನೀರನ್ನು ಮೈಯಲ್ಲಿ ಹಿಡಿದಿಟ್ಟು ಒತ್ತಡವನ್ನು ಏರಿಸುತ್ತದೆ. ಅದನ್ನು ಬಿಡಿಸಿದೆ. ಅವರು ನುಂಗುತ್ತಿದ್ದ ಬಿ.ಪಿ. ಮಾತ್ರೆ ಅಟೆನೊಲಾಲ್. ಅದನ್ನು ಮುಂದುವರಿಸಲು ಹೃದಯದ ಬೇರೆ ಕಾರಣವೇನೂ ಇರದಿದ್ದುದರಿಂದ, ಒಮ್ಮೆಲೇ ನಿಲ್ಲಿಸದೆ ಹಂತಹಂತವಾಗಿ ಇಳಿಸಿ, ರಕ್ತದಲ್ಲಿ ದಿನಕ್ಕಿಂತ ಹೆಚ್ಚು ಕಾಲ ಉಳಿಯುವ ಆಮ್ಲೋಡಿಪಿನ್ ಬರೆದೆ. ಬಿ.ಪಿ. ಮಾತ್ರೆಗಳನ್ನು ಹೋಲಿಸಿ ನೋಡಿದ ಆಸ್ಕಾಟ್ ಎಂಬ ದೊಡ್ಡ ಅಧ್ಯಯನದಲ್ಲಿ ಅಟೆನೊಲಾಲ್ ಗುಂಪಿಗಿಂತ ಆಮ್ಲೋಡಿಪಿನ್ ಗುಂಪಿನಲ್ಲಿ ಏರಿಳಿತವೂ ಪಕ್ಷವಾತವೂ ಕಡಿಮೆಯಿದ್ದವು.

ಮಾತ್ರೆಯ ಹಾಳೆಯನ್ನು ಈಗ ಅವರ ಹೆಂಡತಿ ಬೆಳಗಿನ ಚಹಾದ ಡಬ್ಬಿಯ ಪಕ್ಕದಲ್ಲಿಡುತ್ತಾರೆ. ಸಾಲಿನ ಅಂಕೆಗಳು 130ರ ಆಚೀಚೆ ನಿಂತಿವೆ. ಕಾಲು ಬಾತಿದೆಯೇ ಎಂದು ಪ್ರತಿ ಭೇಟಿಯಲ್ಲೂ ಒತ್ತಿ ನೋಡುತ್ತೇನೆ, ಏಕೆಂದರೆ ಆಮ್ಲೋಡಿಪಿನ್‌ಗೆ ಆ ತೊಂದರೆ ಇದೆ.