ದೇಶ ಬಿಟ್ಟು ಊರು ಹಿಡಿದು: ಹೊರದೇಶಗಳ ಇಂಡಿ ಸಂಗೀತ ನಾನು ಹುಡುಕುವ ಬಗೆ

ಬೇರೆ ಬೇರೆ ದೇಶಗಳ ಇಂಡಿ ಸಂಗೀತ, ಅಂದರೆ ದೊಡ್ಡ ಕಂಪನಿಗಳ ಹೊರಗೆ ಸ್ವತಂತ್ರವಾಗಿ ತಯಾರಾಗುವ ಹೊಸ ಸಂಗೀತ, ಕೇಳಬೇಕು ಅನ್ನುವ ಆಸೆ ಬಹಳ ಜನಕ್ಕೆ ಇದೆ. ಆದರೆ ಸ್ಟ್ರೀಮಿಂಗ್ ಆ್ಯಪ್ ತೆರೆದರೆ ತಿರುಗಿ ತಿರುಗಿ ಅದೇ ಹಾಡುಗಳು ಬರುತ್ತವೆ, ಅಲ್ವಾ? ಅದಕ್ಕೆ ಕಾರಣವಿದೆ. ನೀವು ಏನು ಕೇಳಿದ್ದೀರಿ, ನಿಮ್ಮ ಹಾಗೆ ಕೇಳುವವರು ಇನ್ನೇನು ಕೇಳಿದ್ದಾರೆ, ಇವೆರಡನ್ನು ನೋಡಿ ಆ್ಯಪ್ ಹಾಡು ಆರಿಸುತ್ತದೆ. ನಿಮ್ಮಂಥವರು ಯಾರೂ ಇನ್ನೂ ಕೇಳದ ಹಾಡು ಆ ಲೆಕ್ಕಕ್ಕೆ ಸಿಗುವುದು ಕಷ್ಟ. ದೂರದ ಯಾವುದೋ ಊರಿನ ಒಂದು ಕೋಣೆಯಲ್ಲಿ ಇಬ್ಬರು ಸೇರಿ ಮಾಡಿದ ಆಲ್ಬಂ ತಾನಾಗಿ ನಮ್ಮ ಕಿವಿಗೆ ಬೀಳುವುದಿಲ್ಲ. ನಾವೇ ಹುಡುಕಿಕೊಂಡು ಹೋಗಬೇಕು. ನಾನು ವರ್ಷಗಳಿಂದ ಹೀಗೆ ಹುಡುಕುತ್ತಾ ಬಂದಿದ್ದೇನೆ. ಹೇಗೆ ಅಂತ ಬರೆಯುತ್ತೇನೆ.

ನಾನು ದೇಶದ ಹೆಸರು ಹಾಕಿ ಹುಡುಕುವುದಿಲ್ಲ. ಊರಿನ ಹೆಸರು ಹಾಕುತ್ತೇನೆ. ಪೋರ್ಚುಗಲ್ ಅಂತ ಹುಡುಕಿದರೆ ಮೊದಲು ಸಿಗುವುದು ಫಾದೊ ಎಂಬ ಅಲ್ಲಿನ ಹಳೆಯ ಹಾಡಿನ ಪ್ರಕಾರ. ಫಾದೊ ತುಂಬ ಸೊಗಸಾದ ಸಂಗೀತ, ಅದರಲ್ಲಿ ಎರಡು ಮಾತಿಲ್ಲ. ಆದರೆ ಲಿಸ್ಬನ್ ಅಂತ ಹುಡುಕಿ, ಅಲ್ಲಿನ ಪ್ರಿನ್ಸಿಪೆ ಎಂಬ ಚಿಕ್ಕ ಲೇಬಲ್ (ಆಲ್ಬಂಗಳನ್ನು ಹೊರತರುವ ಸಂಸ್ಥೆ) ತನಕ ಹೋದರೆ ಬೇರೆಯೇ ಸದ್ದು ಕೇಳಿಸುತ್ತದೆ. ಅಂಗೋಲಾ, ಕೇಪ್ ವರ್ಡ್, ಸಾವೊ ಟೊಮೆಯಂಥ ಕಡೆಯಿಂದ ಬಂದು ನಗರದ ಅಂಚಿನ ವಸತಿ ಕಟ್ಟಡಗಳಲ್ಲಿ ನೆಲೆಸಿದ ಕುಟುಂಬಗಳ ಹುಡುಗ ಹುಡುಗಿಯರು ಮನೆಯ ಕಂಪ್ಯೂಟರಿನಲ್ಲೇ ಕಟ್ಟಿದ ಕುಣಿತದ ಸಂಗೀತ ಅದು. ಬತೀದಾ ಅನ್ನುತ್ತಾರೆ. ಡಿಜೆ ಮಾರ್ಫಾಕ್ಸ್, ನೀಡಿಯಾ ಇವರನ್ನು ಕೇಳಿ. ತಾಳದ ಪೆಟ್ಟು ನೀವು ಕಾಯುವ ಜಾಗದಲ್ಲಿ ಬೀಳುವುದಿಲ್ಲ, ಆದರೂ ಕಾಲು ಸುಮ್ನೆ ಇರುವುದಿಲ್ಲ.

ಊರು ಯಾಕೆ ಸರಿಯಾದ ಅಳತೆ ಅನ್ನುವುದಕ್ಕೆ ನನಗೆ ಇಷ್ಟವಾದ ಉದಾಹರಣೆ ನ್ಯೂಜಿಲೆಂಡಿನ ಡುನೀಡಿನ್. 1981ರಲ್ಲಿ ಕ್ರೈಸ್ಟ್‌ಚರ್ಚ್‌ನಲ್ಲಿ ಫ್ಲೈಯಿಂಗ್ ನನ್ ಎಂಬ ಲೇಬಲ್ ಶುರುವಾಯಿತು. ಅದು ಡುನೀಡಿನ್‌ನ ದಿ ಕ್ಲೀನ್, ದಿ ಚಿಲ್ಸ್, ದಿ ವರ್ಲೇನ್ಸ್ ಮೊದಲಾದ ತಂಡಗಳನ್ನು ಹೊರತಂದಿತು. ಅವುಗಳಲ್ಲಿ ಎಷ್ಟೋ ಹಾಡುಗಳನ್ನು ಕ್ರಿಸ್ ನಾಕ್ಸ್ ಎಂಬ ಸಂಗೀತಗಾರ ತನ್ನ ನಾಲ್ಕು ಟ್ರ್ಯಾಕಿನ ಟೇಪ್ ಯಂತ್ರದಲ್ಲಿ ರೆಕಾರ್ಡ್ ಮಾಡಿದ. ಒಬ್ಬರ ತಂಡದಲ್ಲಿ ಇನ್ನೊಬ್ಬರು ನುಡಿಸುತ್ತಿದ್ದರು, ಎಲ್ಲರೂ ಎಲ್ಲರ ಕಾರ್ಯಕ್ರಮಕ್ಕೂ ಹೋಗುತ್ತಿದ್ದರು. ಹಾಗಾಗಿ ಆ ಊರಿಗೇ ಒಂದು ಸದ್ದು ಬಂತು. ಒಂದು ತಂಡ ಸಿಕ್ಕರೆ ಉಳಿದವು ಹಿಂದೆಯೇ ಬರುತ್ತವೆ. ಇಂಥ ಗಂಟು ದೇಶದ ಮಟ್ಟದಲ್ಲಿ ಕಾಣುವುದಿಲ್ಲ.

ಊರು ಹುಡುಕಲು ನಾನು ಜಾಸ್ತಿ ಬಳಸುವುದು ಬ್ಯಾಂಡ್‌ಕ್ಯಾಂಪ್. 2008ರಲ್ಲಿ ಶುರುವಾದ ತಾಣ ಅದು. ಕಲಾವಿದರೇ ತಮ್ಮ ಪುಟ ಮಾಡಿಕೊಂಡು ಆಲ್ಬಂ ಮಾರುತ್ತಾರೆ. ಪ್ರತಿ ಆಲ್ಬಂನ ಕೆಳಗೆ ಟ್ಯಾಗುಗಳು ಇರುತ್ತವೆ, ಅವುಗಳಲ್ಲಿ ಸಾಮಾನ್ಯವಾಗಿ ಊರಿನ ಹೆಸರೂ ಇರುತ್ತದೆ. ಅದನ್ನು ಒತ್ತಿದರೆ ಆ ಊರಿನವರ ಕೆಲಸವೆಲ್ಲ ಸಾಲಾಗಿ ಬರುತ್ತದೆ. ಹೆಚ್ಚು ಮಾರಾಟವಾದವು ಮೇಲೆ ಇರುತ್ತವೆ. ನಾನು ಅದನ್ನು ಬದಲಿಸಿ, ಹೊಸದಾಗಿ ಬಂದವು ಮೇಲೆ ಇರುವ ಹಾಗೆ ಮಾಡಿಕೊಳ್ಳುತ್ತೇನೆ. ಅಲ್ಲಿ ಕಾಳಿಗಿಂತ ಜೊಳ್ಳು ಜಾಸ್ತಿ, ನಿಜ. ಆದರೆ ಒಂದು ಹಾಡಿಗೆ ಅರ್ಧ ನಿಮಿಷ ಕೊಟ್ಟರೆ ಸಾಕು, ಮುಂದೆ ಕೇಳಬೇಕೋ ಬೇಡವೋ ತಿಳಿಯುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ ಅದೇ ಪುಟದಲ್ಲಿದೆ, ಬಹಳ ಜನ ಅದನ್ನು ಗಮನಿಸುವುದಿಲ್ಲ. ಆಲ್ಬಂ ಕೊಂಡವರ ಚಿಕ್ಕ ಚಿಕ್ಕ ಚಿತ್ರಗಳು ಅಲ್ಲಿ ಇರುತ್ತವೆ. ಒಂದನ್ನು ಒತ್ತಿ. ಆ ವ್ಯಕ್ತಿ ಕೊಂಡ ಸಂಗೀತವೆಲ್ಲ ತೆರೆದುಕೊಳ್ಳುತ್ತದೆ. ನಿಮಗೆ ಇಷ್ಟವಾದ, ಯಾರಿಗೂ ಅಷ್ಟಾಗಿ ಗೊತ್ತಿಲ್ಲದ ಆಲ್ಬಂ ಒಂದನ್ನು ಜಗತ್ತಿನ ಇನ್ನೊಂದು ಮೂಲೆಯಲ್ಲಿ ಯಾರೋ ದುಡ್ಡು ಕೊಟ್ಟು ಕೊಂಡಿದ್ದಾರೆ ಅಂದರೆ, ಅವರ ಉಳಿದ ಸಂಗ್ರಹದಲ್ಲಿ ನಿಮಗೆ ಹಿಡಿಸುವಂಥದ್ದು ಇದ್ದೇ ಇರುತ್ತದೆ. ಇಂಥ ಕೆಲವರನ್ನು ನಾನು ಫಾಲೋ ಮಾಡುತ್ತೇನೆ. ಅವರು ಏನಾದರೂ ಕೊಂಡಾಗ ನನಗೆ ತಿಳಿಯುತ್ತದೆ. ಒಬ್ಬರ ಜೊತೆಗೂ ಮಾತಾಡಿಲ್ಲ, ಆದರೆ ಅವರ ಕಿವಿಯ ಮೇಲೆ ನನಗೆ ಪೂರ್ತಿ ನಂಬಿಕೆ.

ಇನ್ನು ಲೇಬಲ್‌ಗಳು. ನನ್ನ ಮಟ್ಟಿಗೆ ಇಡೀ ಹುಡುಕಾಟದ ಬೆನ್ನೆಲುಬು ಇವೇ. ಚಿಕ್ಕ ಲೇಬಲ್ ನಡೆಸುವವರು ಒಬ್ಬರೋ ಇಬ್ಬರೋ ಇರುತ್ತಾರೆ. ಎಷ್ಟೋ ಸಲ ಸ್ವಂತ ದುಡ್ಡು ಹಾಕಿ ಆಲ್ಬಂ ತರುತ್ತಾರೆ. ಆದ್ದರಿಂದ ಸುಮ್ನೆ ಏನನ್ನೂ ಆರಿಸುವುದಿಲ್ಲ. ಒಂದು ಲೇಬಲ್‌ನ ಒಂದು ಆಲ್ಬಂ ಮನಸ್ಸಿಗೆ ಹಿಡಿಸಿದರೆ ನಾನು ಅವರ ಮೊದಲ ಬಿಡುಗಡೆಯಿಂದ ಶುರುಮಾಡಿ ಎಲ್ಲವನ್ನೂ ಕೇಳುತ್ತೇನೆ.

ಉಗಾಂಡಾದ ಕಂಪಾಲಾದಲ್ಲಿ ನ್ಯೇಗೆ ನ್ಯೇಗೆ ಟೇಪ್ಸ್ ಇದೆ. 2017ರಲ್ಲಿ ಇವರು ತಂದ ಒಂದು ಸಂಕಲನದಿಂದಲೇ ಟಾಂಜಾನಿಯಾದ ದಾರ್ ಎಸ್ ಸಲಾಮ್‌ನ ಸಿಂಗೇಲಿ ಸಂಗೀತ ಹೊರಗಿನವರಿಗೆ ಹೆಚ್ಚಾಗಿ ತಿಳಿದದ್ದು. ಆ ಊರಿನ ಸಿಸ್ಸೊ ಎಂಬ ಸ್ಟುಡಿಯೊದವರ ಹಾಡುಗಳು ಅವು. ಸಿಂಗೇಲಿಯ ವೇಗ ನಿಮಿಷಕ್ಕೆ 200 ಪೆಟ್ಟು ದಾಟುತ್ತದೆ, 300ರ ಹತ್ತಿರವೂ ಹೋಗುತ್ತದೆ. ಅದರ ಮೇಲೆ ಸ್ವಾಹಿಲಿಯಲ್ಲಿ ಒಂದೇ ಉಸಿರಿನ ಮಾತು. ಮೊದಲ ಸಲ ಕೇಳಿದವರಿಗೆ ಬರೀ ಗಲಾಟೆ ಅನ್ನಿಸಬಹುದು. ಪ್ರತಿ ಪೆಟ್ಟಿನ ಹಿಂದೆ ಓಡಬೇಡಿ. ನಾಲ್ಕು ಪೆಟ್ಟಿಗೆ ಒಂದು ಸಲ ತಲೆ ಆಡಿಸಿ. ತಕ್ಷಣ ಒಳಗೆ ನಿಧಾನವಾದ ಇನ್ನೊಂದು ನಡೆ ಕಾಣಿಸುತ್ತದೆ, ಆಮೇಲೆ ಆ ವೇಗವೇ ಮಜಾ ಕೊಡುತ್ತದೆ.

ಸಹೇಲ್ ಸೌಂಡ್ಸ್ ಕತೆ ಬೇರೆ ಥರದ್ದು. ಅಮೆರಿಕದ ಕ್ರಿಸ್ಟೋಫರ್ ಕರ್ಕ್ಲಿ ಸಹಾರಾದ ಅಂಚಿನ ದೇಶಗಳಲ್ಲಿ ಓಡಾಡುವಾಗ ಅಲ್ಲಿನವರ ಮೊಬೈಲ್ ಮೆಮೊರಿ ಕಾರ್ಡುಗಳಲ್ಲಿದ್ದ ಹಾಡುಗಳನ್ನು ಸಂಗ್ರಹಿಸಿದ. ಇಂಟರ್ನೆಟ್ ಅಷ್ಟಾಗಿ ಇಲ್ಲದ ಕಡೆ ಹಾಡುಗಳು ಬ್ಲೂಟೂತ್‌ನಲ್ಲಿ ಫೋನಿನಿಂದ ಫೋನಿಗೆ ದಾಟುತ್ತಿದ್ದವು. ಹಾಡಿದವರ ಹೆಸರು ಎಷ್ಟೋ ಕಡತಗಳಲ್ಲಿ ಇರಲಿಲ್ಲ. ಅವನು ಹುಡುಕಿಕೊಂಡು ಹೋಗಿ ಹಾಡಿದವರನ್ನು ಪತ್ತೆ ಮಾಡಿದ. ಹಾಗೆ ಸಿಕ್ಕವರಲ್ಲಿ ನೈಜರ್ ದೇಶದ ಗಿಟಾರ್ ವಾದಕ ಎಮ್ದೂ ಮೊಕ್ತಾರ್ ಒಬ್ಬ. 2021ರ ಹೊತ್ತಿಗೆ ಅವನ ಆಲ್ಬಂ ಮ್ಯಾಟಡಾರ್‌ನಂಥ ಹೆಸರುವಾಸಿ ಇಂಡಿ ಲೇಬಲ್‌ನಿಂದ ಬಂತು. ಚಿಕ್ಕ ಲೇಬಲ್‌ಗಳನ್ನು ಹಿಂಬಾಲಿಸಿದವರಿಗೆ ಅವನು ವರ್ಷಗಳ ಮೊದಲೇ ಗೊತ್ತಿದ್ದ.

ಹಳೆಯದನ್ನು ಮರುಬಿಡುಗಡೆ ಮಾಡುವ ಲೇಬಲ್‌ಗಳ ಬಗ್ಗೆ ಒಂದು ಮಾತು. ನನಗೆ ಬೇಕಾದದ್ದು ಹೊಸ ಸಂಗೀತ, ಆದರೂ ಇವುಗಳನ್ನು ಬಿಡುವುದಿಲ್ಲ. ಅವ್‌ಸಮ್ ಟೇಪ್ಸ್ ಫ್ರಮ್ ಆಫ್ರಿಕಾ ಎಂಬ ಲೇಬಲ್ ಇಥಿಯೋಪಿಯಾದ ಕೀಬೋರ್ಡ್ ವಾದಕ ಹೈಲು ಮೆರ್ಗಿಯಾನ 1985ರ ಕ್ಯಾಸೆಟ್ಟನ್ನು 2013ರಲ್ಲಿ ಮತ್ತೆ ತಂದಿತು. ಆ ಹೊತ್ತಿಗೆ ಅವರು ವಾಷಿಂಗ್ಟನ್‌ನಲ್ಲಿ ಟ್ಯಾಕ್ಸಿ ಓಡಿಸುತ್ತಿದ್ದರು. ಮರುಬಿಡುಗಡೆಯ ನಂತರ ಮತ್ತೆ ವೇದಿಕೆ ಹತ್ತಿದರು, 2018ರಲ್ಲಿ ಹೊಸ ಆಲ್ಬಂ ಕೊಟ್ಟರು. ಇಂಥ ಲೇಬಲ್‌ಗಳಿಂದ ಕೊಳ್ಳುವ ಮುಂಚೆ ಕಲಾವಿದರಿಗೆ ಪಾಲು ಹೋಗುತ್ತದೆಯೇ ಅಂತ ನಾನು ನೋಡಿಕೊಳ್ಳುತ್ತೇನೆ. ಒಳ್ಳೆಯ ಲೇಬಲ್‌ಗಳು ಅದನ್ನು ಮುಚ್ಚಿಡುವುದಿಲ್ಲ.

ಒಂದೇ ಆಲ್ಬಂ ಹಲವು ಬಾಗಿಲು ತೆರೆದದ್ದೂ ಉಂಟು. ಇಂಡೋನೇಷ್ಯಾದ ಯೋಗ್ಯಕರ್ತದಲ್ಲಿ ಸೆನ್ಯಾವಾ ಎಂಬ ಜೋಡಿ ಇದೆ. ರೂಲಿ ಶಬಾರಾ ಹಾಡುತ್ತಾರೆ. ಅದು ಹಾಡು, ಗುಡುಗು, ಪಿಸುಮಾತು ಎಲ್ಲ ಸೇರಿದ ದನಿ. ವುಕಿರ್ ಸೂರ್ಯಾದಿ ತಾವೇ ಬಿದಿರಿನಿಂದ ಮಾಡಿಕೊಂಡ ವಾದ್ಯ ನುಡಿಸುತ್ತಾರೆ. 2021ರಲ್ಲಿ ಇವರು ತಮ್ಮ ಅಲ್ಕಿಸಾ ಆಲ್ಬಮನ್ನು ಒಂದೇ ಲೇಬಲ್‌ಗೆ ಕೊಡಲಿಲ್ಲ. ಬೇರೆ ಬೇರೆ ದೇಶಗಳ 44 ಚಿಕ್ಕ ಲೇಬಲ್‌ಗಳು ಅದನ್ನು ಒಟ್ಟಿಗೆ ತಂದವು, ಒಂದೊಂದಕ್ಕೂ ತನ್ನದೇ ಹೊದಿಕೆ. ನಾನು ಆ ಲೇಬಲ್‌ಗಳ ಪಟ್ಟಿ ಹಿಡಿದು ಒಂದೊಂದೇ ನೋಡುತ್ತಾ ಹೋದೆ. ಸೆನ್ಯಾವಾದಂಥ ಸಂಗೀತದ ಮೇಲೆ ದುಡ್ಡು ಹಾಕುವ ಧೈರ್ಯ ಇರುವವರು ಇನ್ನೇನು ಹೊರತಂದಿದ್ದಾರೆ ಅಂತ ನೋಡುವುದರಲ್ಲೇ ತಿಂಗಳುಗಳು ಕಳೆದವು. ನನ್ನ ಹುಡುಕಾಟದಲ್ಲಿ ಅಷ್ಟು ಫಸಲು ಕೊಟ್ಟ ಪಟ್ಟಿ ಬೇರೆ ಇಲ್ಲ.

ರೇಡಿಯೊವನ್ನೂ ಮರೆಯಬೇಡಿ. ರೇಡಿಯೊ ಗಾರ್ಡನ್ ಎಂಬ ತಾಣದಲ್ಲಿ ಭೂಗೋಳ ತಿರುಗಿಸಿ ಯಾವ ಊರಿನ ಚುಕ್ಕಿಯ ಮೇಲೆ ನಿಲ್ಲಿಸಿದರೂ ಅಲ್ಲಿನ ಸ್ಟೇಷನ್ ಈಗ ಏನು ಹಾಕುತ್ತಿದೆ ಅಂತ ಕೇಳಬಹುದು. ಬಹಳಷ್ಟು ಸ್ಟೇಷನ್‌ಗಳಲ್ಲಿ ದೊಡ್ಡ ಹಿಟ್ ಹಾಡುಗಳೇ ಇರುತ್ತವೆ. ಆದ್ದರಿಂದ ನಾನು ಕಾಲೇಜು ರೇಡಿಯೊ, ಸಮುದಾಯ ರೇಡಿಯೊಗಳನ್ನು ಆರಿಸುತ್ತೇನೆ, ಅದೂ ಆ ಊರಿನಲ್ಲಿ ರಾತ್ರಿಯಾಗಿರುವಾಗ. ತಡರಾತ್ರಿಯ ಕಾರ್ಯಕ್ರಮದವರು ಜಾಸ್ತಿ ಧೈರ್ಯ ಮಾಡುತ್ತಾರೆ. ಇಂಟರ್ನೆಟ್ ರೇಡಿಯೊಗಳಲ್ಲಿ ಲಂಡನ್ನಿನಲ್ಲಿ 2011ರಲ್ಲಿ ಶುರುವಾದ ಎನ್‌ಟಿಎಸ್, ಲಾಸ್ ಏಂಜಲೀಸ್‌ನ ಡಬ್‌ಲ್ಯಾಬ್, ಪ್ಯಾಲೆಸ್ಟೈನಿನ ಬೆತ್ಲೆಹೆಮ್‌ನಲ್ಲಿ 2020ರ ಲಾಕ್‌ಡೌನ್ ಹೊತ್ತಿಗೆ ಹುಟ್ಟಿದ ರೇಡಿಯೊ ಅಲ್‌ಹಾರಾ ಕೇಳುತ್ತೇನೆ. ಎನ್‌ಟಿಎಸ್‌ನ ಹಳೆಯ ಕಾರ್ಯಕ್ರಮಗಳ ಜೊತೆ ಹಾಡುಗಳ ಪಟ್ಟಿಯೂ ಸಿಗುತ್ತದೆ. ಆ ಪಟ್ಟಿಯೇ ನನಗೆ ಮುಖ್ಯ. ಮನಸ್ಸು ಹಿಡಿದ ಹಾಡಿನ ಹೆಸರು ಹಿಡಿದು ಲೇಬಲ್‌ಗೆ ಹೋಗುತ್ತೇನೆ, ಅಲ್ಲಿಂದ ಮತ್ತೆ ಊರಿಗೆ.

ವಾದ್ಯ ಗೊತ್ತಿಲ್ಲದಿದ್ದರೆ ಕಿವಿ ಎಲ್ಲಿ ನಿಲ್ಲಬೇಕು ಅಂತ ತಿಳಿಯುವುದಿಲ್ಲ. ದಕ್ಷಿಣ ಕೊರಿಯಾದ ಜಾಂಬಿನಾಯ್ ತಂಡ ರಾಕ್ ಗಿಟಾರಿನ ಜೊತೆ ಗೆಯೊಮುಂಗೊ, ಹೆಗಮ್, ಪಿರಿ ಎಂಬ ಕೊರಿಯಾದ ಸಾಂಪ್ರದಾಯಿಕ ವಾದ್ಯಗಳನ್ನು ನುಡಿಸುತ್ತದೆ. ನಾನು ಮೊದಲು ಆ ಮೂರನ್ನೂ ಒಂದೊಂದಾಗಿ, ಸಂಪ್ರದಾಯದ ರೀತಿಯಲ್ಲಿ ನುಡಿಸಿದ್ದನ್ನು ಕೇಳಿದೆ. ಹೆಗಮ್ ಎರಡು ತಂತಿಯ ವಾದ್ಯ, ಬಿಲ್ಲಿನಿಂದ ನುಡಿಸುತ್ತಾರೆ. ಅದರ ಅಳುವಂಥ ದನಿ ಒಮ್ಮೆ ಗುರುತಾದ ಮೇಲೆ ಎಷ್ಟೇ ಗದ್ದಲದ ನಡುವೆಯೂ ಎದ್ದು ಕೇಳಿಸುತ್ತದೆ. ಆಮೇಲೆ ಜಾಂಬಿನಾಯ್ ಕೇಳಿದರೆ ಅದು ಬೇರೆ ತಂಡ ಅನ್ನಿಸಿತು.

ಹುಡುಕುವಾಗ ಆಯಾ ಭಾಷೆಯ ಲಿಪಿಯಲ್ಲೇ ಹುಡುಕುತ್ತೇನೆ. ಕಲಾವಿದರ ಪುಟದಿಂದ ಅವರ ಹೆಸರನ್ನು ಹಾಗೇ ಕಾಪಿ ಮಾಡಿ ಯೂಟ್ಯೂಬಿನಲ್ಲಿ ಹಾಕಿದರೆ, ರೋಮನ್ ಅಕ್ಷರದಲ್ಲಿ ಸಿಗದ ಕಾರ್ಯಕ್ರಮಗಳ ವಿಡಿಯೊ ಸಿಗುತ್ತವೆ. ಚಿಕ್ಕ ಕೋಣೆಗಳಲ್ಲಿ ನಡೆದ ಕಾರ್ಯಕ್ರಮಗಳೇ ಜಾಸ್ತಿ. ಅದೇ ದಿನ ಹಾಡಿದ ಬೇರೆ ತಂಡಗಳ ಹೆಸರೂ ವಿವರಣೆಯಲ್ಲಿ ಇರುತ್ತದೆ. ಆಲ್ಬಂಗಳ ವಿವರ ಪಟ್ಟಿ ಮಾಡುವ ಡಿಸ್ಕಾಗ್ಸ್ ತಾಣದಲ್ಲಿ ಡ್ರಮ್ಸ್ ನುಡಿಸಿದವರ, ರೆಕಾರ್ಡ್ ಮಾಡಿದವರ ಹೆಸರು ಒತ್ತಿದರೆ ಅವರು ಕೆಲಸ ಮಾಡಿದ ಬೇರೆ ಆಲ್ಬಂಗಳು ಬರುತ್ತವೆ. ರೆಕಾರ್ಡಿಂಗ್ ಎಂಜಿನಿಯರ್ ಹಿಡಿದರೆ ಒಂದು ಊರಿನ ಅರ್ಧ ತಂಡಗಳು ಸಿಕ್ಕ ಹಾಗೆ.

ಒಂದು ಊರು ಹಿಡಿದರೆ ಕೆಲವು ವಾರ ಅಲ್ಲೇ ಇರುತ್ತೇನೆ. ಇವತ್ತು ಬೊಗೋಟಾ, ನಾಳೆ ಟಿಬಿಲಿಸಿ ಅಂತ ಹಾರಿದರೆ ನನಗೆ ಯಾವುದೂ ದಕ್ಕುವುದಿಲ್ಲ. ಇಷ್ಟವಾದ ಆಲ್ಬಮನ್ನು ಬೇರೆ ಬೇರೆ ದಿನ ಮೂರು ಸಲವಾದರೂ ಪೂರ್ತಿ ಕೇಳುತ್ತೇನೆ. ಸಾಹಿತ್ಯದ ಅರ್ಥ ಹುಡುಕುವುದು ಮೂರನೇ ಸಲದ ನಂತರ. ಅಲ್ಲಿಯವರೆಗೆ ದನಿಯೇ ಸಾಕು.

ಒಂದು ನೋಟ್‌ಬುಕ್ ಇಟ್ಟಿದ್ದೇನೆ. ಕಲಾವಿದರು, ಊರು, ಲೇಬಲ್, ಇನ್ನೊಂದು ಕಾಲಂನಲ್ಲಿ ಇದು ನನಗೆ ಯಾರ ಮೂಲಕ ಸಿಕ್ಕಿತು ಅಂತ. ಈ ಕೊನೆಯ ಕಾಲಂ ಬಿಡಬೇಡಿ. ಸ್ವಲ್ಪ ಕಾಲದ ನಂತರ ತಿರುಗಿಸಿ ನೋಡಿದರೆ, ನಿಮಗೆ ನಿಜವಾಗಿ ಇಷ್ಟವಾದದ್ದೆಲ್ಲ ಕೆಲವೇ ಕೆಲವರ ಮೂಲಕ ಬಂದಿರುತ್ತದೆ. ಆ ಕೆಲವರಿಗೆ ಜಾಸ್ತಿ ಸಮಯ ಕೊಡಿ, ಉಳಿದದ್ದನ್ನು ಕೈಬಿಡಿ.

ಇಷ್ಟವಾದದ್ದನ್ನು ನಾನು ದುಡ್ಡು ಕೊಟ್ಟೇ ಕೊಳ್ಳುತ್ತೇನೆ. ಬ್ಯಾಂಡ್‌ಕ್ಯಾಂಪ್ ಡಿಜಿಟಲ್ ಮಾರಾಟದಲ್ಲಿ ಸಾಮಾನ್ಯವಾಗಿ ನೂರಕ್ಕೆ 15ರಷ್ಟು ಇಟ್ಟುಕೊಳ್ಳುತ್ತದೆ. 2020ರ ಮಾರ್ಚ್‌ನಲ್ಲಿ ಶುರುವಾದ ಬ್ಯಾಂಡ್‌ಕ್ಯಾಂಪ್ ಶುಕ್ರವಾರ ಎಂಬ ಆಯ್ದ ಕೆಲವು ಶುಕ್ರವಾರಗಳಲ್ಲಿ ಆ ಪಾಲನ್ನೂ ಬಿಟ್ಟುಕೊಡುತ್ತದೆ. ನಾನು ಕೊಳ್ಳಬೇಕಾದ್ದನ್ನು ಪಟ್ಟಿ ಮಾಡಿಟ್ಟು ಆ ದಿನ ಕೊಳ್ಳುತ್ತೇನೆ. ಕೊಂಡ ಮೇಲೆ ಕಲಾವಿದರಿಗೆ ಎರಡು ಸಾಲು ಬರೆಯುತ್ತೇನೆ. ಯಾವ ಹಾಡು, ಅದರಲ್ಲಿ ಯಾವ ಜಾಗ ಇಷ್ಟವಾಯಿತು ಅಂತ ಹೇಳಿ, ಒಂದು ಪ್ರಶ್ನೆ ಕೇಳುತ್ತೇನೆ: ನಿಮ್ಮ ಊರಿನಲ್ಲಿ ನೀವು ಈಗ ಯಾರನ್ನು ಕೇಳುತ್ತಿದ್ದೀರಿ? ಎಷ್ಟೋ ಜನ ಉತ್ತರ ಬರೆಯುತ್ತಾರೆ, ಖುಷಿಯಿಂದ, ಉದ್ದವಾಗಿ. ಅವರು ಹೇಳುವ ಹೆಸರುಗಳು ಯಾವ ಪತ್ರಿಕೆಯಲ್ಲೂ ಯಾವ ಪ್ಲೇಲಿಸ್ಟಿನಲ್ಲೂ ನನಗೆ ಸಿಕ್ಕಿರುವುದಿಲ್ಲ. ಕೆಲವರ ಹಾಡು ಇನ್ನೂ ಬಿಡುಗಡೆಯೇ ಆಗಿರುವುದಿಲ್ಲ.

ಕೊಂಡದ್ದನ್ನು ಅದೇ ದಿನ ಇಳಿಸಿಕೊಳ್ಳಿ. ಚಿಕ್ಕ ಲೇಬಲ್‌ಗಳು ಮುಚ್ಚುತ್ತವೆ, ಕಲಾವಿದರು ಪುಟ ತೆಗೆದುಹಾಕುತ್ತಾರೆ. ನಾನು ದನಿಯ ಗುಣಮಟ್ಟ ಕಳೆದುಕೊಳ್ಳದ ಫ್ಲ್ಯಾಕ್ ಕಡತಗಳನ್ನೇ ಇಳಿಸಿ, ಜೊತೆಗೆ ಹೊದಿಕೆಯ ಚಿತ್ರ ಮತ್ತು ನುಡಿಸಿದವರ ಹೆಸರಿರುವ ಪುಟವನ್ನೂ ಉಳಿಸಿ, ಎರಡು ಡ್ರೈವ್‌ಗಳಲ್ಲಿ ಇಡುತ್ತೇನೆ, ಊರಿಗೊಂದು ಫೋಲ್ಡರ್ ಮಾಡಿ.